ಅತಿಯಾಗಿ ಕಾಯುವ ಓವನ್ನಿನ ಬಗ್ಗೆ ದೊಡ್ಡಪ್ಪನ ಪತ್ರ

ಶಿರಸಿ

ಚಿ. ಸೌ. ಕೂಸಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಾನ್‌ಖಟಾಯಿಯ ತಳ ಕರಕಲಾದರೂ ನಡು ಹಸಿಯಾಗಿಯೇ ಉಳಿಯುತ್ತಿದೆಯೆಂದೂ, ಓವನ್ನಿನ ಗುಂಡಿಗಳು ಮುಟ್ಟಲಾರದಷ್ಟು ಬಿಸಿಯಾಗುತ್ತಿವೆಯೆಂದೂ ನೀನು ಬರೆದದ್ದನ್ನು ಓದಿದೆ. ಆರ್ಡರುಗಳು ಕೈಯಲ್ಲಿರುವಾಗ ಒಂದು ದಿನ ಕಳೆಯುವುದೂ ಕಷ್ಟವೆಂದು ಬಲ್ಲೆ. ಆದರೂ ಈ ಪತ್ರವನ್ನು ಓದಿ ಮುಗಿಸುವವರೆಗೆ ಅದನ್ನು ಹಚ್ಚಬೇಡ. ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡು.

ಕಿತ್ತ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡು. ಅದರ ಪಿನ್ನುಗಳು ಕಪ್ಪಾಗಿದ್ದರೆ, ಹಸಿರು ಕಿಲುಬು ಹಿಡಿದಿದ್ದರೆ, ಅಥವಾ ಗೋಡೆಯ ಸಾಕೆಟ್ಟು ಕಂದಾಗಿ ಸುಟ್ಟ ವಾಸನೆ ಬರುತ್ತಿದ್ದರೆ, ಎಲ್ಲಕ್ಕಿಂತ ಮೊದಲು ಅದನ್ನು ಬದಲಾಯಿಸಬೇಕು. 2000 ವ್ಯಾಟಿನ ಓವನ್ನು 230 ವೋಲ್ಟಿನಲ್ಲಿ ಹೆಚ್ಚುಕಡಿಮೆ 9 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಆದ್ದರಿಂದ ಅದಕ್ಕೆ 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಬೇಕು, ಎಕ್ಸ್‌ಟೆನ್ಷನ್ ಬೋರ್ಡು ಕೂಡದು. ಕಾರವಾರದಂಥ ಕಡಲತೀರದ ಊರಿನಲ್ಲಿ ಉಪ್ಪುಗಾಳಿಯೂ ಮಳೆಗಾಲದ ತೇವವೂ ಸೇರಿ ಹಿತ್ತಾಳೆಯ ಪಿನ್ನುಗಳನ್ನು ಬೇಗನೆ ಕೆಡಿಸುತ್ತವೆ. ಹಾಗೆ ಕೆಟ್ಟ ಜೋಡಣೆಯೇ ತಾನಾಗಿ ಕಾದು ಕರಗತೊಡಗುತ್ತದೆ. ತಿಂಡಿ ಕರಕಲಾಗುವುದಕ್ಕೂ ಇದಕ್ಕೂ ಸಂಬಂಧವಿಲ್ಲದಿರಬಹುದು, ಆದರೆ ಮನೆಗೆ ಬೆಂಕಿ ತಗಲುವುದು ಇಂಥಲ್ಲಿಂದಲೇ.

ಸಾಕೆಟ್ಟು ಸರಿಯಿದೆಯೆಂದು ಖಾತ್ರಿಯಾದ ಮೇಲೆ ಒಲೆ ನಿಜವಾಗಿಯೂ ಎಷ್ಟು ಕಾಯುತ್ತಿದೆಯೆಂದು ಅಳೆಯಬೇಕು. ಗುಂಡಿಯ ಸುತ್ತ ಅಚ್ಚಾದ ಅಂಕಿಯನ್ನು ನಂಬಬೇಡ. ಓವನ್ನಿನೊಳಗೆ ಇಡುವ ಥರ್ಮಾಮೀಟರನ್ನು ಕೊಂಡು ನಡುವಿನ ಜಾಲರಿಯ ಮೇಲಿಟ್ಟು, 180 ಡಿಗ್ರಿಗೆ ತಿರುಗಿಸಿ, ಅರ್ಧ ತಾಸು ಕಾದು, ಆಮೇಲೆ ಬಾಗಿಲು ತೆಗೆಯದೆ ಗಾಜಿನ ಮೂಲಕವೇ ಹತ್ತು ಹತ್ತು ನಿಮಿಷಕ್ಕೊಮ್ಮೆ ಅಂಕಿಯನ್ನು ಬರೆದುಕೋ. ಶಾಖವನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟು ಒಳಗಿನ ಕಾಯುವ ರಾಡನ್ನು ಆರಿಸಿ ಮತ್ತೆ ಹಚ್ಚುತ್ತಿರುವುದರಿಂದ 10-15 ಡಿಗ್ರಿ ಏರಿಳಿತವು ಸಹಜ. ಯಾವಾಗಲೂ ಒಂದೇ ಪ್ರಮಾಣದಲ್ಲಿ, ಅಂದರೆ 20 ಡಿಗ್ರಿಯಷ್ಟು, ಹೆಚ್ಚು ತೋರಿಸಿದರೆ ಗುಂಡಿಯನ್ನು ಅಷ್ಟೇ ಕೆಳಗಿಟ್ಟು ಕೆಲಸ ಸಾಗಿಸಬಹುದು. ಆದರೆ ಟಿಕ್ಕೆಂಬ ಸದ್ದೂ ಇಲ್ಲದೆ, ರಾಡಿನ ಕೆಂಪು ಒಮ್ಮೆಯೂ ಆರದೆ, ಅಂಕಿಯು 220 ದಾಟಿ ಏರುತ್ತಲೇ ಹೋದರೆ ಅಲ್ಲಿಗೇ ನಿಲ್ಲಿಸು. ಈ ಪರೀಕ್ಷೆ ಮುಗಿಯುವವರೆಗೆ ಅಡುಗೆಮನೆ ಬಿಟ್ಟು ಕದಲಬೇಡ.

ಥರ್ಮಾಮೀಟರು ಕೈಗೆ ಬರುವುದು ತಡವಾದರೆ ಸಕ್ಕರೆಯಿಂದಲೂ ಅಂದಾಜು ಸಿಗುತ್ತದೆ. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಯಲ್ಲಿ. ಓವನ್ನನ್ನು 175ಕ್ಕಿಟ್ಟು ಚೆನ್ನಾಗಿ ಕಾಯಿಸಿ, ಒಂದು ಚಮಚ ಸಕ್ಕರೆಯನ್ನು ಚಿಕ್ಕ ಲೋಹದ ಬಟ್ಟಲಲ್ಲಿ ಕಾಲು ತಾಸು ಇಟ್ಟರೆ ಅದು ಹರಳಾಗಿಯೇ ಇರಬೇಕು. ಪಾಕವಾದರೆ ಒಲೆಯು ಹೇಳಿದ್ದಕ್ಕಿಂತ ಹೆಚ್ಚು ಕಾಯುತ್ತಿದೆಯೆಂದೇ ಅರ್ಥ.

ನೀನೇ ನೋಡಬಹುದಾದ ಕಾರಣಗಳು ಕೆಲವಿವೆ. ಒಲೆ ಪೂರ್ತಿ ತಣಿದ ಮೇಲೆ, ಪ್ಲಗ್ಗು ಹೊರಗಿರುವಾಗಲೇ ಇವನ್ನು ನೋಡು. ಜಿಡ್ಡು ಬೀಳದಿರಲೆಂದು ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿದ್ದರೆ ತೆಗೆದುಬಿಡು, ಅದು ಶಾಖವನ್ನು ಹರಡಗೊಡುವುದಿಲ್ಲ. ಒಳಗೋಡೆಗೆ ಅಂಟಿಕೊಂಡಂತೆ ಪೆನ್ಸಿಲಿಗಿಂತ ಸಣ್ಣದಾದ ಲೋಹದ ಕೊಳವೆಯಿದ್ದರೆ ಅದೇ ಥರ್ಮೋಸ್ಟಾಟಿನ ಮೂಗು. ಅದು ಕ್ಲಿಪ್ಪಿನಿಂದ ಜಾರಿದ್ದರೆ ಅಥವಾ ಜಿಡ್ಡು ದಪ್ಪನಾಗಿ ಕೂತಿದ್ದರೆ ಶಾಖವನ್ನು ತಡವಾಗಿ ಅರಿಯುತ್ತದೆ. ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ ಕ್ಲಿಪ್ಪಿಗೆ ಕೂರಿಸು, ಆದರೆ ಎಳೆಯಬೇಡ, ಬಗ್ಗಿಸಬೇಡ. ಗುಂಡಿಗಳು ಸುಡುತ್ತಿರುವುದಕ್ಕೆ ಬಾಗಿಲು ಸಡಿಲಾಗಿ ಶಾಖ ಹೊರಗೆ ಸೋರುತ್ತಿರುವುದೂ ಕಾರಣವಿರಬಹುದು. ಓವನ್ನಿನ ಸುತ್ತ ಒಂದು ಗೇಣಾದರೂ ಜಾಗ ಬಿಟ್ಟಿರಬೇಕು. ಅದರ ಮೇಲೆ ಡಬ್ಬಿಗಳನ್ನು ಪೇರಿಸುವುದನ್ನು ನಿಲ್ಲಿಸು.

ವೋಲ್ಟೇಜು ಹೆಚ್ಚಾಗಿ ಬರುತ್ತಿರುವುದರಿಂದ ಹೀಗಾಗಿದೆಯೆಂದು ಯಾರಾದರೂ ಹೇಳಿದರೆ ಅಷ್ಟಕ್ಕೇ ಸುಮ್ಮನಾಗಬೇಡ. 230ರ ಬದಲು 250 ವೋಲ್ಟ್ ಬಂದರೆ ರಾಡು ಶೇಕಡಾ 18ರಷ್ಟು ಹೆಚ್ಚು ಶಾಖ ಕೊಡುತ್ತದೆ, ನಿಜ. ಆದರೆ ಥರ್ಮೋಸ್ಟಾಟು ಸರಿಯಿದ್ದರೆ ಅಷ್ಟೇ ಬೇಗ ಅದನ್ನು ಆರಿಸಿಬಿಡುತ್ತದೆ.

ಗುಂಡಿಯನ್ನು ಸೊನ್ನೆಗೆ ತಿರುಗಿಸಿದ ಮೇಲೂ ರಾಡು ಕೆಂಪಾಗಿಯೇ ಇದ್ದರೆ ಒಳಗಿನ ಸಂಪರ್ಕಬಿಂದುಗಳು ಬೆಸೆದುಕೊಂಡಿವೆಯೆಂದು ತಿಳಿ. ಹಿಂದಿನ ತಗಡನ್ನು ಬಿಚ್ಚುವ ಆ ಕೆಲಸ ಮೆಕ್ಯಾನಿಕ್ಕನದು, ನಿನ್ನದೂ ಅಲ್ಲ, ಅಳಿಯಂದಿರದೂ ಅಲ್ಲ. ನಿನ್ನದು ಮೈಕ್ರೋವೇವ್ ಕೂಡಿದ ಯಂತ್ರವಾಗಿದ್ದರಂತೂ ಸ್ಕ್ರೂ ಡ್ರೈವರನ್ನೇ ಹತ್ತಿರ ತರಬೇಡ. ಪ್ಲಗ್ಗು ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ, ಅಂದರೆ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಭಾಗದಲ್ಲಿ, ಜೀವ ತೆಗೆಯುವಷ್ಟು ವಿದ್ಯುತ್ತು ಉಳಿದಿರಬಹುದು.

ಮೆಕ್ಯಾನಿಕ್ಕನು ಬಂದಾಗ ನೀನು ಗಟ್ಟಿಯಾಗಿ ನಿಲ್ಲಬೇಕಾದ ಮಾತೊಂದಿದೆ. ಬಿಡಿಭಾಗ ಸಿಗುವುದಿಲ್ಲವೆಂದು ಥರ್ಮೋಸ್ಟಾಟನ್ನೋ, ಅತಿ ಶಾಖದಲ್ಲಿ ವಿದ್ಯುತ್ತನ್ನು ಕಡಿಯುವ ಕಟ್‌ಔಟನ್ನೋ ತೆಗೆದು ಎರಡು ತಂತಿಗಳನ್ನು ಜೋಡಿಸಿ 'ಡೈರೆಕ್ಟ್' ಮಾಡಿಕೊಡುವುದುಂಟು. ಓವನ್ನು ಅಂದೇ ನಡೆಯುತ್ತದೆ, ಖರ್ಚೂ ಕಡಿಮೆ. ಆದರೆ ಆಮೇಲೆ ಆ ಒಲೆಯನ್ನು ತಡೆಯುವವರು ಯಾರೂ ಇರುವುದಿಲ್ಲ, ಟೈಮರು ಮರೆತ ದಿನ ಅದು ಸುಡುವವರೆಗೂ ಕಾಯುತ್ತದೆ. ಎಷ್ಟೇ ಅವಸರವಿದ್ದರೂ ಇದಕ್ಕೆ ಒಪ್ಪಬೇಡ. ಹಳೆಯದರಷ್ಟೇ ಆಂಪಿಯರಿನ, ಅದೇ ಡಿಗ್ರಿಯ ಭಾಗವನ್ನೇ ಹಾಕಿಸು. ಅದೇ ದಿನ ಅರ್ಥಿಂಗನ್ನೂ ಪರೀಕ್ಷೆ ಮಾಡಿಸು. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ವಿದ್ಯುತ್ತು ಸೋರಿದ ಕೂಡಲೇ ಅದನ್ನು ಕಡಿದುಬಿಡುವ ಸ್ವಿಚ್ಚು, ಇಲ್ಲದಿದ್ದರೆ ಹಾಕಿಸು.

ಒಳಗೆ ಬೆಂಕಿ ಹತ್ತಿದ ಪಕ್ಷದಲ್ಲಿ ಬಾಗಿಲನ್ನು ತೆಗೆಯಬೇಡ, ನೀರು ಸುರಿಯಬೇಡ. ಮೇನ್ ಆರಿಸಿ ದೂರ ನಿಲ್ಲು. ಗಾಳಿ ಸಿಗದೆ ಬೆಂಕಿ ತಾನಾಗಿ ಆರಬೇಕು, ಆರದಿದ್ದರೆ ಮಕ್ಕಳನ್ನು ಕರೆದುಕೊಂಡು ಹೊರಗೆ ಬಂದು 101ಕ್ಕೆ ಫೋನು ಮಾಡು.

ಬರೆದುಕೊಂಡ ಅಂಕಿಗಳನ್ನೂ, ಓವನ್ನಿನ ಹಿಂದಿನ ಪಟ್ಟಿಯಲ್ಲಿರುವ ಮಾಡೆಲ್ ನಂಬರನ್ನೂ ನನಗೆ ಕಳಿಸು. ಥರ್ಮೋಸ್ಟಾಟು ಕಾರವಾರದಲ್ಲಿ ಸಿಗದಿದ್ದರೆ ಹುಬ್ಬಳ್ಳಿಯಿಂದ ತರಿಸಿ ಬಸ್ಸಿನಲ್ಲಿ ಕಳಿಸುವ ವ್ಯವಸ್ಥೆ ಮಾಡುತ್ತೇನೆ. ಅಲ್ಲಿಯವರೆಗೆ ಹೊಸ ಆರ್ಡರುಗಳನ್ನು ಹಿಡಿಯಬೇಡ.

ಇತಿ,
ನಿನ್ನ ದೊಡ್ಡಪ್ಪ