ಹನ್ನೆರಡು ಪಾಯಿಂಟಿನ ಸೆಪ್ಟೆಂಬರ್: ಗೆಳೆಯನಿಗೊಂದು ಪತ್ರ

ಪ್ರೀತಿಯ ಮಂಜು,

ಆಫೀಸಿನಲ್ಲಿ ಕಂಡವರೆಲ್ಲ "ನಿಂದು ಯಾವ ಟೀಮು?" ಅಂತ ಕೇಳುತ್ತಾರೆ, ಏನು ಹೇಳಬೇಕೋ ತೋಚಲ್ಲ ಅಂತ ಬರೆದಿದ್ದೀಯ. ಮೆಲ್ಬರ್ನ್‌ನಲ್ಲಿ ಆ ಪ್ರಶ್ನೆ ನಮ್ಮ ಕಡೆಯ "ಯಾವೂರಾಯ್ತು?" ಇದ್ದ ಹಾಗೆ ಕಣೋ. ಯಾವುದಾದರೂ ಒಂದು ಹೆಸರು ಹೇಳಿಬಿಡು, ಮಾತು ತಾನೇ ಮುಂದೆ ಹೋಗುತ್ತದೆ. ಅವರು ಕೇಳುವುದು ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಬಗ್ಗೆ, ಅಲ್ಲಿಯವರ ಬಾಯಲ್ಲಿ ಫುಟಿ. ಆಟ ಅರ್ಥವಾಗಬೇಕು ಅಂದರೆ ಮಾತ್ರ ನಿಯಮದ ಪುಸ್ತಕ ಹಿಡಿದು ಕೂರಬೇಡ. ಒಂದು ಕ್ಲಬ್ಬಿನ ಒಂದು ವರ್ಷ ಹಿಡಿದುಕೋ. ನನ್ನನ್ನು ಕೇಳಿದರೆ ಕಾಲಿಂಗ್‌ವುಡ್, 2023. ಕಪ್ಪು ಬಿಳಿ ಪಟ್ಟೆಯ ಅಂಗಿ, 1892ರಲ್ಲಿ ಹುಟ್ಟಿದ ಕ್ಲಬ್ಬು. ಊರಿನ ಒಂದು ಪಾಲು ಜನಕ್ಕೆ ಪ್ರಾಣ, ಉಳಿದವರಿಗೆ ಕಂಡರಾಗದು.

ಮೊದಲು 2023ರ ಸೆಪ್ಟೆಂಬರ್ 30ರ ಫೈನಲ್ ಸ್ಕೋರ್ ನೋಡು. ಕಾಲಿಂಗ್‌ವುಡ್ 12.18 (90), ಬ್ರಿಸ್ಬೇನ್ ಲಯನ್ಸ್ 13.8 (86).

ಚುಕ್ಕಿಯ ಎಡಗಡೆ ಗೋಲು, ಒಂದಕ್ಕೆ 6 ಪಾಯಿಂಟ್. ಬಲಗಡೆ ಬಿಹೈಂಡ್, ಒಂದಕ್ಕೆ 1. ಮೈದಾನದ ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ ನೆಟ್ಟಿರುತ್ತಾರೆ. ನಡುವಿನ ಎರಡು ಎತ್ತರ, ಆಚೀಚೆಯವು ಗಿಡ್ಡ, ಒಂದಕ್ಕೂ ಇನ್ನೊಂದಕ್ಕೂ 6.4 ಮೀಟರ್ ಅಂತರ. ಒದ್ದ ಚೆಂಡು ಯಾರ ಮೈಗೂ ತಾಗದೆ ಎತ್ತರದ ಕಂಬಗಳ ನಡುವೆ ಹಾದರೆ ಗೋಲು. ಪಕ್ಕದ ಸಂದಿಯಲ್ಲಿ ಹೋದರೆ ಬಿಹೈಂಡ್. ಎತ್ತರದ ಕಂಬಕ್ಕೆ ಬಡಿದರೂ ಬಿಹೈಂಡ್, ದಾರಿಯಲ್ಲಿ ಯಾರದ್ದಾದರೂ ಬೆರಳು ಸವರಿದರೂ ಬಿಹೈಂಡೇ. ಈಗ ಲೆಕ್ಕ ಹಾಕು: ಬ್ರಿಸ್ಬೇನ್ ಒಂದು ಗೋಲು ಹೆಚ್ಚೇ ಹೊಡೆದು ಸೋತಿತು. ನೋಟು ಅವರ ಹತ್ತಿರ ಹೆಚ್ಚಿತ್ತು, ಚಿಲ್ಲರೆ ಇವರ ಹತ್ತಿರ.

ಹಾಗಂತ ಬಿಹೈಂಡ್ ಲಾಭದ ವ್ಯಾಪಾರ ಅಂದುಕೊಳ್ಳಬೇಡ. ಗೋಲಾದರೆ ಚೆಂಡು ಮತ್ತೆ ನಡುಮೈದಾನಕ್ಕೆ ಬರುತ್ತದೆ, ಇಬ್ಬರಿಗೂ ಸಮಪಾಲು. ಬಿಹೈಂಡ್ ಆದರೆ ಎದುರಾಳಿ ತನ್ನ ಗೋಲಿನ ಬಾಯಿಂದ ಚೆಂಡನ್ನು ಒದ್ದು ಹೊರಡಿಸುತ್ತಾನೆ. ಅಂದರೆ 1 ಪಾಯಿಂಟ್ ಇಸಕೊಂಡು ಚೆಂಡನ್ನೇ ಕೊಟ್ಟ ಹಾಗೆ. 18 ಸಲ ಹಾಗೆ ಕೊಟ್ಟೂ ಗೆಲ್ಲಬೇಕಾದರೆ, ಎದುರಾಳಿ ಹೊರಡಿಸಿದ ಚೆಂಡನ್ನು ದೂರ ಹೋಗಲು ಬಿಡದೆ ಮತ್ತೆ ಕಸಿದು ತರಬೇಕು. ಪಾಯಿಂಟ್ ಬಂದ 30 ಸಲದಲ್ಲಿ 12 ಮಾತ್ರ ಗೋಲು ಅಂದರೆ ಕೆಟ್ಟ ಕಾಲು, ಒಳ್ಳೆಯ ಒತ್ತಡ.

ಕಾಲು ಕೆಡುವುದು ಎಲ್ಲಿ ಗೊತ್ತಾ? ಕೈಯಲ್ಲಿ. ದೂರದಿಂದ ಒದ್ದು ಬಂದ ಚೆಂಡನ್ನು ನೆಲಕ್ಕೆ ಬೀಳುವ ಮೊದಲು ಹಿಡಿದರೆ ಅದು ಮಾರ್ಕ್. ಚೆಂಡು ಕನಿಷ್ಠ 15 ಮೀಟರ್ ಬಂದಿರಬೇಕು. ಗೋಲಿನ ಹತ್ತಿರ ಮಾರ್ಕ್ ಹಿಡಿದವನಿಗೆ ಒದೆಯಲು 30 ಸೆಕೆಂಡ್ ಸಿಗುತ್ತದೆ, ಯಾರೂ ಅಡ್ಡ ಬರುವ ಹಾಗಿಲ್ಲ. ಉದ್ದುದ್ದ ಚೆಂಡನ್ನು ನೆಟ್ಟಗೆ ಹಿಡಿದು, ಮೂತಿ ಕೆಳಗಾಗಿ ಕಾಲಿನ ಮೇಲೆ ಬಿಡಬೇಕು. ಕಾಲು ಕೆಳತುದಿಗೆ ಬಡಿದರೆ ಚೆಂಡು ಹಿಮ್ಮುಖವಾಗಿ ಉರುಳುತ್ತಾ ನೇರ ಹೋಗುತ್ತದೆ. ಬಿಡುವ ಕೈ ಸ್ವಲ್ಪ ಅವಸರಪಟ್ಟರೆ, ಎದೆಮಟ್ಟದಿಂದಲೇ ಬಿಟ್ಟರೆ, ಚೆಂಡು ಗಾಳಿಯಲ್ಲೇ ವಾಲುತ್ತದೆ. ಆಮೇಲೆ ಕಾಲು ಎಷ್ಟು ನೆಟ್ಟಗಿದ್ದರೂ ಅದು ಪಕ್ಕದ ಸಂದಿಗೇ. ಟಿವಿಯಲ್ಲಿ ಎಲ್ಲರೂ ಪಾದ ನೋಡುತ್ತಾರೆ. ನೀನು ಕೈ ನೋಡು, ಚೆಂಡು ಎಲ್ಲಿಗೆ ಹೋಗುತ್ತದೆ ಅಂತ ಒದೆಯುವ ಮೊದಲೇ ಹೇಳಬಹುದು.

ಈಗ ವರ್ಷದ ಕಥೆಗೆ ಬಾ. ಲೀಗಿನಲ್ಲಿ 18 ಕ್ಲಬ್ಬು, ಮಾರ್ಚ್‌ನಿಂದ ಆಗಸ್ಟ್‌ವರೆಗೆ ಒಬ್ಬೊಬ್ಬರಿಗೆ 23 ಪಂದ್ಯ. ಗೆದ್ದರೆ 4 ಅಂಕ, ಸಮವಾದರೆ 2. ಕಾಲಿಂಗ್‌ವುಡ್ 18 ಗೆದ್ದು 5 ಸೋತು ಪಟ್ಟಿಯ ತುದಿಯಲ್ಲಿ ನಿಂತಿತು. 2021ರಲ್ಲಿ ಇದೇ ಕ್ಲಬ್ಬು 17ನೇ ಸ್ಥಾನದಲ್ಲಿತ್ತು, ಬರೀ 6 ಗೆಲುವು. 2022ಕ್ಕೆ ಕ್ರೇಗ್ ಮೆಕ್‌ರೇ ಕೋಚ್ ಆಗಿ ಬಂದರು. ಆಟಗಾರರಾಗಿದ್ದಾಗ ಬ್ರಿಸ್ಬೇನ್ ಪರ 2001ರಿಂದ 2003ರವರೆಗೆ ಸತತ ಮೂರು ಕಪ್ ಗೆದ್ದವರು; ಅದರಲ್ಲಿ ಎರಡು ಫೈನಲ್ ಕಾಲಿಂಗ್‌ವುಡ್‌ನವರನ್ನೇ ಬಡಿದು ಗೆದ್ದದ್ದು! 2022ರಲ್ಲಿ ಅವರ ಹುಡುಗರು ಪ್ರಿಲಿಮಿನರಿ ಫೈನಲ್‌ನಲ್ಲಿ, ಅಂದರೆ ಫೈನಲ್‌ಗೆ ಹಿಂದಿನ ಮೆಟ್ಟಿಲಲ್ಲಿ, ಸಿಡ್ನಿ ಎದುರು 94–95ರಲ್ಲಿ ಸೋತರು. ಒಂದೇ ಒಂದು ಬಿಹೈಂಡ್. ಕೈಗೆ ಬಂದ ತುತ್ತು.

2023ರ ಗೆಲುವುಗಳಲ್ಲಿ ಎಷ್ಟೋ ಚಿಲ್ಲರೆ ಗೆಲುವುಗಳೇ. ಅಡಿಲೇಡ್ ಎದುರು ಒಮ್ಮೆ 1 ಪಾಯಿಂಟ್, ಇನ್ನೊಮ್ಮೆ 2. ಪೋರ್ಟ್ ಅಡಿಲೇಡ್ ಎದುರು 2. ಏಪ್ರಿಲ್ 25ರ ಆನ್‌ಜಾಕ್ ದಿನದ ಪಂದ್ಯದಲ್ಲಿ ಕೊನೆಯ ಕ್ವಾರ್ಟರ್ ಶುರುವಾಗುವಾಗ ಎಸೆಂಡನ್‌ಗಿಂತ 28 ಪಾಯಿಂಟ್ ಹಿಂದಿದ್ದು, 13ರಿಂದ ಗೆದ್ದರು. ಸೋತ ಐದರಲ್ಲಿ ಎರಡು ಬ್ರಿಸ್ಬೇನ್ ಎದುರೇ. ಮೂರು ಸೋಲು ಕೊನೆಯ ಐದು ವಾರಗಳಲ್ಲಿ ಬಂದವು. ಆಗ ಪತ್ರಿಕೆಗಳೆಲ್ಲ "ಮುಗಿಯಿತು" ಅಂದವು.

ಪಟ್ಟಿಯಲ್ಲಿ ಪರ್ಸೆಂಟೇಜ್ ಅನ್ನುವ ಕಾಲಮ್ಮು ಇದೆಯಲ್ಲ, ಅದು ನೆಟ್ ರನ್‌ರೇಟ್‌ನ ದಾಯಾದಿ. ಹೊಡೆದ ಪಾಯಿಂಟನ್ನು ಬಿಟ್ಟುಕೊಟ್ಟ ಪಾಯಿಂಟಿನಿಂದ ಭಾಗಿಸಿ 100ರಿಂದ ಗುಣಿಸುವುದು. ಅದರಲ್ಲೊಂದು ತಮಾಷೆ ಇದೆ. ಒಂದು ತಂಡ 2000 ಹೊಡೆದು 1600 ಬಿಟ್ಟುಕೊಟ್ಟಿದೆ ಅಂದುಕೋ, 125 ಆಯಿತು. ಮುಂದಿನ ಪಂದ್ಯ 60–40ರಿಂದ ಗೆದ್ದರೆ ಅದು 125.6ಕ್ಕೆ ಏರುತ್ತದೆ. ಅದೇ 20 ಪಾಯಿಂಟಿನ ಗೆಲುವು 120–100 ಆಗಿದ್ದರೆ 124.7ಕ್ಕೆ ಇಳಿಯುತ್ತದೆ! ಗೆದ್ದೂ ಕೆಳಗೆ. ಅದಕ್ಕೇ ಬುದ್ಧಿವಂತ ಕೋಚುಗಳು ಮುಂದಿದ್ದಾಗ ಆಟದ ವೇಗ ತಗ್ಗಿಸುತ್ತಾರೆ. ಆ ವರ್ಷ ಬ್ರಿಸ್ಬೇನ್, ಪೋರ್ಟ್ ಅಡಿಲೇಡ್ ಇಬ್ಬರದೂ 17 ಗೆಲುವು. ಪರ್ಸೆಂಟೇಜ್ ಮೇಲಿದ್ದ ಬ್ರಿಸ್ಬೇನ್‌ಗೆ ಎರಡನೇ ಸ್ಥಾನ. ಹಾಗಾಗಿ ನಾಕೌಟಿನ ಮೊದಲ ಪಂದ್ಯ ಅವರ ಮನೆ ಗಬ್ಬಾದಲ್ಲಿ. ಆ ವರ್ಷ ಅವರು ಗಬ್ಬಾದಲ್ಲಿ ಒಂದನ್ನೂ ಸೋಲಲಿಲ್ಲ. ಪೋರ್ಟ್ ಅಲ್ಲಿಗೆ ಹೋಗಿ 48ರಿಂದ ಸೋತು ಬಂತು.

2023ರಲ್ಲಿ ಮೊದಲ ಎಂಟು ತಂಡಕ್ಕೆ ಸೆಪ್ಟೆಂಬರ್, ಅಂದರೆ ನಾಕೌಟು. ಮೊದಲ ನಾಲ್ಕಕ್ಕೆ ಎರಡು ಜೀವ: ಮೊದಲ ಪಂದ್ಯ ಸೋತರೂ ಇನ್ನೊಂದು ಅವಕಾಶ, ಗೆದ್ದರೆ ಒಂದು ವಾರ ರಜೆ, ನೇರ ಪ್ರಿಲಿಮಿನರಿ ಫೈನಲ್. ಐದರಿಂದ ಎಂಟರವರಿಗೆ ಸೋತರೆ ಮನೆ.

ಆ ಒಂದು ವಾರದ ರಜೆಯ ಬೆಲೆ ದೇಹಕ್ಕೆ ಗೊತ್ತು. ಆಗಸ್ಟ್‌ನಲ್ಲಿ ಹಾಥಾರ್ನ್ ಎದುರಿನ ಪಂದ್ಯದಲ್ಲಿ ಕಾಲಿಂಗ್‌ವುಡ್‌ನ ನಿಕ್ ಡೇಕೋಸ್‌ಗೆ ಮಂಡಿಯ ಕೆಳಗಿನ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಬಿತ್ತು. ಆರು ವಾರ ಅಂದರು. ರಜೆಯ ವಾರ ಸಿಕ್ಕಿದ್ದರಿಂದ ಅವನು ಪ್ರಿಲಿಮಿನರಿಗೆ ಮರಳುವಷ್ಟರಲ್ಲಿ ತಪ್ಪಿಸಿಕೊಂಡ ನಾಕೌಟ್ ಪಂದ್ಯ ಒಂದೇ. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕ ಮಾತ್ರ ಕೈತಪ್ಪಿತು: ಪ್ರತಿ ಪಂದ್ಯದ ನಂತರ ಅಂಪೈರುಗಳು 3, 2, 1 ಅಂತ ಮತ ಹಾಕುತ್ತಾರೆ, ಕೊನೆಯ ಮೂರು ಲೀಗ್ ಪಂದ್ಯ ಆಡದೆ 28ಕ್ಕೆ ನಿಂತ, ಬ್ರಿಸ್ಬೇನ್‌ನ ಲಾಕಿ ನೀಲ್ 31ರಿಂದ ಗೆದ್ದ. ಡೇಕೋಸ್ ಕಾಲಿಂಗ್‌ವುಡ್‌ಗೆ ಬಂದದ್ದೂ ಲೀಗಿನ ಒಂದು ವಿಚಿತ್ರ ನಿಯಮದಿಂದ. ಅಪ್ಪ ಕ್ಲಬ್ಬಿಗೆ 100 ಪಂದ್ಯ ಆಡಿದ್ದರೆ ಮಗನ ಮೇಲೆ ಆ ಕ್ಲಬ್ಬಿಗೆ ಮೊದಲ ಹಕ್ಕು. ಬೇರೆಯವರು ಕೂಗಿದ ಬೆಲೆಗೆ ತನ್ನ ಡ್ರಾಫ್ಟ್ ಸರದಿಗಳನ್ನು (ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿ) ಒಟ್ಟುಗೂಡಿಸಿ ಸರಿದೂಗಿಸಿದರಾಯಿತು. ಅಣ್ಣ ಜಾಶ್ ಡೇಕೋಸ್, ಆಗಿನ ನಾಯಕ ಡಾರ್ಸಿ ಮೂರ್ ಬಂದದ್ದೂ ಅದೇ ಬಾಗಿಲಿನಿಂದ.

ತಲೆಗೆ ಪೆಟ್ಟಾದರೆ ಕನಿಷ್ಠ 12 ದಿನ ಆಡುವಂತಿಲ್ಲ. ಪ್ರಿಲಿಮಿನರಿಗೂ ಫೈನಲ್‌ಗೂ ನಡುವೆ ಒಂದೇ ವಾರ. ಅಲ್ಲಿ ತಲೆ ಸುತ್ತಿದವನು ಫೈನಲ್ ಮರೆಯಬೇಕು, ಎಷ್ಟೇ ಗೋಗರೆಯಲಿ. ಮೊದಲ ನಾಕೌಟಿನಲ್ಲಿ ಕಾಲಿಂಗ್‌ವುಡ್‌ನ ಬ್ರೇಡನ್ ಮೇನಾರ್ಡ್ ಚೆಂಡು ತಡೆಯಲು ಹಾರಿ ಮೆಲ್ಬರ್ನ್ ಕ್ಲಬ್ಬಿನ ಆಂಗಸ್ ಬ್ರೇಶಾ ಮೇಲೆ ಬಿದ್ದ. ಬ್ರೇಶಾ ಪ್ರಜ್ಞೆ ತಪ್ಪಿದ. ವಿಚಾರಣೆಯಲ್ಲಿ ಮೇನಾರ್ಡ್ ತಪ್ಪಿತಸ್ಥನಲ್ಲ ಅಂತಾಯಿತು, ಬ್ರೇಶಾ ಮತ್ತೆ ಆಡಲೇ ಇಲ್ಲ. 2024ರ ಫೆಬ್ರವರಿಯಲ್ಲಿ ನಿವೃತ್ತಿ. ಆಮೇಲೆ ಲೀಗು ನಿಯಮ ಬಿಗಿ ಮಾಡಿತು: ಚೆಂಡಿಗಾಗಿ ಹಾರುವವನು ಇಳಿಯುವ ಜಾಗಕ್ಕೂ ಜವಾಬ್ದಾರ. ಮೊದಲೇ ಇರಬೇಕಾಗಿದ್ದ ನಿಯಮ ಅನ್ನುವುದು ನನ್ನ ಅಭಿಪ್ರಾಯ, ಕಾಲಿಂಗ್‌ವುಡ್‌ನವರು ಏನೇ ಅನ್ನಲಿ.

ಈಗ ಆ ಸೆಪ್ಟೆಂಬರ್. ಮೆಲ್ಬರ್ನ್ ಎದುರು 60–53. ಮೆಲ್ಬರ್ನ್‌ನವರು ದಾಳಿಯ ವಲಯಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು ಸಲ ಚೆಂಡು ತಂದರು, ಹೊಡೆದದ್ದು 7.11. ಆಮೇಲೆ ಗ್ರೇಟರ್ ವೆಸ್ಟರ್ನ್ ಸಿಡ್ನಿ ಎದುರು 58–57, ಅಂದರೆ 8.10 ಮತ್ತು 8.9. ಆಮೇಲೆ ಫೈನಲ್ 90–86. 7, 1, 4: ಮೂರು ಪಂದ್ಯದ ಅಂತರವೆಲ್ಲ ಕೂಡಿದರೆ 12 ಪಾಯಿಂಟ್. ಎರಡು ಗೋಲು.

ಅದೃಷ್ಟ ಅಂತಾರೆ. ಅದೃಷ್ಟವೂ ಇತ್ತು ಅನ್ನು. ಆದರೆ ಕೊನೆಯ ಐದು ನಿಮಿಷ ಆಡುವುದಕ್ಕೂ ಒಂದು ಕಸುಬಿದೆ, ಅದನ್ನು ಕಲಿಯಬಹುದು. ಒಂದು ಕ್ವಾರ್ಟರ್ ಅಂದರೆ 20 ನಿಮಿಷ, ಆದರೆ ಗೋಲಾದಾಗ, ಚೆಂಡು ಗೆರೆ ದಾಟಿದಾಗ ಗಡಿಯಾರ ನಿಲ್ಲುವುದರಿಂದ ಅರ್ಧ ಗಂಟೆಯ ಹತ್ತಿರ ಎಳೆಯುತ್ತದೆ. 2023ರಲ್ಲಿ ಟಿವಿಯಲ್ಲಿ ಗಡಿಯಾರ ಇಳಿಯುತ್ತಾ ಬರುತ್ತಿತ್ತು, ಮೈದಾನದ ಬೋರ್ಡಿನಲ್ಲಿ ಏರುತ್ತಾ ಹೋಗುತ್ತಿತ್ತು. ಮನೆಯಲ್ಲಿ ಚಹಾ ಕುಡಿಯುತ್ತಾ ಕೂತವನಿಗೆ ಗೊತ್ತಿದ್ದ ಸಮಯ ಮೈದಾನದ 36 ಜನಕ್ಕೆ ಗೊತ್ತಿರಲಿಲ್ಲ! ಎಷ್ಟು ಉಳಿದಿದೆ ಅನ್ನುವ ಸುದ್ದಿ ಬೆಂಚಿನಿಂದ ಬಂದು ಬಾಯಿಂದ ಬಾಯಿಗೆ ಹರಡಬೇಕಿತ್ತು.

ಮುಂದಿರುವ ತಂಡ ಏನು ಮಾಡಬೇಕು? 15 ಮೀಟರ್ ದಾಟುವಷ್ಟೇ ಚಿಕ್ಕ ಒದೆ, ಮಾರ್ಕ್, ಉಸಿರು, ಇನ್ನೊಂದು ಚಿಕ್ಕ ಒದೆ. ದಾರಿ ಇಲ್ಲದಿದ್ದರೆ ಗಡಿಗೆರೆಯ ಉದ್ದಕ್ಕೂ ಗುಂಪಿನ ಮೇಲೆ ಎತ್ತಿ ಒದೆ. ಬೇಕಂತಲೇ ಹೊರಗೆ ಹಾಕಿದರೆ ಎದುರಾಳಿಗೆ ಫ್ರೀ ಕಿಕ್, ಆದ್ದರಿಂದ ಹಾಗೆ ಕಾಣದ ಹಾಗೆ ಹಾಕುವುದು 2023ರಲ್ಲಿ ಒಂದು ಕಲೆಯಾಗಿತ್ತು. ಅತಿ ಅಪಾಯದ ಗಳಿಗೆ ಗೋಲಾದ ಮರುಕ್ಷಣ. 2019ರಿಂದ ನಡುಮೈದಾನದಲ್ಲಿ ಆಟ ಮತ್ತೆ ಶುರುವಾಗುವಾಗ ಎರಡೂ ತಂಡ ಹಿಂದೆ 6, ನಡುವೆ 6, ಮುಂದೆ 6 ಜನ ನಿಲ್ಲಿಸಲೇಬೇಕು. ಹಿಂದೆ ಹತ್ತು ಜನರನ್ನು ತುಂಬಿಸಿ ಕೋಟೆ ಕಟ್ಟಲು ಆಗ ಬಿಡುವುದಿಲ್ಲ.

ಫೈನಲ್‌ನಲ್ಲಿ ಅದೇ ಆಯಿತು. ಎಂಸಿಜಿಯಲ್ಲಿ 100,024 ಜನ. ನಮ್ಮ ರಾಹುಲ್ 2014ರಲ್ಲಿ, ಮಯಾಂಕ್ 2018ರಲ್ಲಿ ಟೆಸ್ಟ್‌ಗೆ ಕಾಲಿಟ್ಟರಲ್ಲ, ಅದೇ ಮೈದಾನ. ಫುಟಿ ಬಂತೆಂದರೆ ಪಿಚ್ಚನ್ನೇ ಕಿತ್ತು ಹೊರಗೆ ಸಾಗಿಸುತ್ತಾರೆ. ಬ್ರಿಸ್ಬೇನ್ ಬಿಟ್ಟು ಕಾಲಿಂಗ್‌ವುಡ್‌ಗೆ ಬಂದಿದ್ದ ಡ್ಯಾನ್ ಮೆಕ್‌ಸ್ಟೇ ಪ್ರಿಲಿಮಿನರಿಯಲ್ಲಿ ಮಂಡಿ ಪೆಟ್ಟಾಗಿ ಹೊರಗಿದ್ದ. ಮೊದಲ ಕ್ವಾರ್ಟರಿನಲ್ಲೇ ನೇಥನ್ ಮರ್ಫಿ ತಲೆಗೆ ಪೆಟ್ಟಾಗಿ ಹೋದ, ಇದ್ದೊಬ್ಬ ಬದಲಿ ಆಟಗಾರ ಅಲ್ಲಿಗೇ ಖರ್ಚಾದ. ಬಾಬಿ ಹಿಲ್ 4 ಗೋಲು ಹೊಡೆದು ಪಂದ್ಯಶ್ರೇಷ್ಠನ ನಾರ್ಮ್ ಸ್ಮಿತ್ ಪದಕ ಪಡೆದ. ಹಿಂದಿನ ವರ್ಷವಷ್ಟೇ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ್ದವನು. ಕೊನೆಯಲ್ಲಿ ಜಾರ್ಡನ್ ಡಿಗೋಯಿ ಗೋಲಿನಿಂದ ಕಾಲಿಂಗ್‌ವುಡ್‌ಗೆ 4ರ ಮುನ್ನಡೆ. ಆಮೇಲೆ ಸ್ಟೀಲ್ ಸೈಡ್‌ಬಾಟಮ್ 50 ಮೀಟರ್ ಗೆರೆಯಾಚೆಯಿಂದ ಒದ್ದ, ಚೆಂಡು ನೇರ ಹೋಯಿತು, 4 ಹೋಗಿ 10 ಆಯಿತು. ಆ ಗೋಲಿನ ತೂಕ ಇಲ್ಲಿದೆ: 5ರವರೆಗಿನ ಅಂತರವನ್ನು ಒಂದು ಗೋಲು ಅಳಿಸುತ್ತದೆ, 6ಕ್ಕೆ ಸಮ, 6 ದಾಟಿದರೆ ಎದುರಾಳಿ ಎರಡು ಸಲ ಬರಬೇಕು. ಬ್ರಿಸ್ಬೇನ್‌ನ ಜೋ ಡ್ಯಾನಿಹರ್ ಒಂದು ಸಲ ಬಂದ. ಎರಡನೆಯದಕ್ಕೆ ಸೈರನ್ ಬಿಡಲಿಲ್ಲ. ಕ್ಲಬ್ಬಿಗೆ 16ನೇ ಕಪ್. ಕಾರ್ಲ್‌ಟನ್, ಎಸೆಂಡನ್‌ಗೆ ಸರಿಸಮ.

ಮರುವರ್ಷ ಅದೇ ಕೋಚ್, ಬಹುಪಾಲು ಅದೇ ಹುಡುಗರು. ಮೊದಲ ಮೂರು ಪಂದ್ಯ ಸೋತರು, ಎರಡು ಸಮ ಮಾಡಿಕೊಂಡರು, 9ನೇ ಸ್ಥಾನ, ಸೆಪ್ಟೆಂಬರ್ ಇಲ್ಲ. ಕಪ್ ಎತ್ತಿದ್ದು ಬ್ರಿಸ್ಬೇನ್, ಅದೂ ಐದನೇ ಸ್ಥಾನದಿಂದ ಬಂದು, 60 ಪಾಯಿಂಟಿನಿಂದ. ಅವರು ಚಿಲ್ಲರೆ ಎಣಿಸುವ ಗೋಜಿಗೇ ಹೋಗಲಿಲ್ಲ.

ಮೊದಲ ಪಂದ್ಯಕ್ಕೆ ಹೋಗುವಾಗ ಗೋಲಿನ ಹಿಂದಿನ ಸೀಟು ಬೇಡ, ಪಕ್ಕದಲ್ಲಿ ಮೇಲಿನ ಅಂತಸ್ತು ತಗೋ, ಹದಿನೆಂಟೂ ಜನ ಎಲ್ಲಿ ನಿಂತಿದ್ದಾರೆ ಅಂತ ಕಾಣುತ್ತದೆ. ಬೆಂಚಿನ ಮೇಲೆ ಒಂದು ಕಣ್ಣಿರಲಿ. ಇಡೀ ಪಂದ್ಯಕ್ಕೆ 75 ಸಲವಷ್ಟೇ ಆಟಗಾರರನ್ನು ಅದಲುಬದಲು ಮಾಡಬಹುದು. ಮೂರನೇ ಕ್ವಾರ್ಟರಿನಲ್ಲೇ ಅದನ್ನು ಸುರಿದವರು ಕೊನೆಗೆ ಕಾಲೆಳೆಯುತ್ತಾರೆ. ರಾತ್ರಿ ಪಂದ್ಯವಾದರೆ ಜಾಕೆಟ್ ಹಾಕಿಕೋ, ಜುಲೈ ಚಳಿ ಮೂಳೆಗೆ ಇಳಿಯುತ್ತದೆ. ಯಾವ ಟೀಮು ಅಂತ ತೀರ್ಮಾನವಾದ ಮೇಲೆ ಬರೆ.

ನಿನ್ನವ