ಬಾಲ ಎಣಿಸಬೇಡಿ, ಗುದ್ದು ಎಣಿಸಿ

ಮಾನ್ಯ ಸಂಪಾದಕರೇ,

ಹೆಸರುಕಾಳಿನ ಬೆಳೆ ಕಿತ್ತು, ಹಿಂಗಾರಿ ಬಿತ್ತನೆಗೆ ಹೊಲ ಹರಗುವ ಹೊತ್ತಿಗೆ ಗದಗ, ರೋಣ, ನರಗುಂದ, ನವಲಗುಂದದ ಎರೆಭೂಮಿಯಲ್ಲಿ ಇಲಿಯ ಮಾತು ಶುರುವಾಗುತ್ತದೆ. ಈಚೆಗೆ ಅದರ ಜೊತೆ ಇನ್ನೊಂದು ಮಾತೂ ಕೇಳಿಬರುತ್ತಿದೆ. ಊರಿನ ಹುಡುಗರೆಲ್ಲ ಏರ್‌ಗನ್ ಹಿಡಿದು ಒಂದು ದಿನ ಇಲಿ ಬೇಟೆಯ ಸ್ಪರ್ಧೆ ಇಡೋಣ, ಹೆಚ್ಚು ಬಾಲ ತಂದವರಿಗೆ ಬಹುಮಾನ ಕೊಡೋಣ ಎಂಬ ಮಾತು. ಊರು ಒಂದಾಗಿ ಹೊಲಕ್ಕಿಳಿಯಬೇಕು ಎಂಬ ಅವರ ಹುಮ್ಮಸ್ಸು ಸರಿಯಾದದ್ದು. ಬೇಟೆ ಎಂಬ ದಾರಿ ಮಾತ್ರ ತಪ್ಪು.

ಈ ಯೋಚನೆ ಬಂದದ್ದು ಫೋನಿನಲ್ಲಿ ನೋಡಿದ ಹೊರದೇಶದ ವಿಡಿಯೊಗಳಿಂದ. ಅಮೆರಿಕ, ಕೆನಡಾದ ಬಯಲುಗಳಲ್ಲಿ ನೆಲದಲ್ಲಿ ಬಿಲ ತೋಡಿಕೊಂಡು ಇರುವ ಒಂದು ಜಾತಿಯ ಅಳಿಲು ಇದೆ. ಅದು ಹಗಲು ಹೊರಬಂದು ಬಿಲದ ಬಾಯಲ್ಲಿ ನೆಟ್ಟಗೆ ನಿಲ್ಲುತ್ತದೆ. ಅಲ್ಲಿಯ ಬೇಟೆ ಕ್ಲಬ್ಬಿನವರು ಹೊಲದ ಮಾಲೀಕರನ್ನು ಕೇಳಿಕೊಂಡು ಹಗಲಲ್ಲೇ ಗುಂಡು ಹೊಡೆಯುತ್ತಾರೆ. ನಮ್ಮ ಹೆಗ್ಗಣ ಹೊರಬರುವುದು ಕತ್ತಲಾದ ಮೇಲೆ. ನಮ್ಮ ಇಣಚಿ ನೆಲದಲ್ಲಿ ಬಿಲ ತೋಡುವುದೇ ಇಲ್ಲ, ಮರದಲ್ಲಿ ಗೂಡು ಕಟ್ಟುತ್ತದೆ. ಇನ್ನು ರಾತ್ರಿ ಬ್ಯಾಟರಿ ಬೆಳಕಿನಲ್ಲಿ ಹೊಡೆಯುತ್ತೇವೆ ಎಂದರೆ, ಪಂಪ್‌ಸೆಟ್ಟಿಗೆ ರಾತ್ರಿ ಪಾಳಿಯಲ್ಲಿ ತ್ರೀಫೇಸ್ ಕರೆಂಟ್ ಬರುವ ಊರುಗಳಲ್ಲಿ ಆ ಹೊತ್ತಿಗೆ ಹೊಲದಲ್ಲಿ ನೀರು ಹಾಯಿಸುವ ಮನುಷ್ಯರಿರುತ್ತಾರೆ. ಬೆಳೆಯ ಮರೆಯಲ್ಲಿ ಕೂತವರು ಬೆಳಕಿಗೆ ಕಾಣುವುದಿಲ್ಲ. ಸಣ್ಣ ಏರ್‌ಗನ್ನಿಗೆ ಲೈಸೆನ್ಸ್ ಬೇಕಿಲ್ಲ ಎಂದಮಾತ್ರಕ್ಕೆ ಅದರಿಂದ ಬೇಟೆ ಆಡಬಹುದು ಎಂದರ್ಥವಲ್ಲ. ಗೂಬೆ, ಉಡ, ಮುಂಗುಸಿ, ಕೇರೆಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಇವೆಲ್ಲವೂ ಇಲಿ ತಿನ್ನುವ ಪ್ರಾಣಿಗಳು. ಗುರಿ ತಪ್ಪಿದ ಗುಂಡು ರಾತ್ರಿ ಗೂಬೆಗೆ, ಹಗಲು ಉಳಿದವಕ್ಕೆ ಬೀಳಬಹುದು.

ಎಣಿಸಿ ಕೊಲ್ಲುವ ಪ್ರಯೋಗ ಈ ಸೀಮೆಯಲ್ಲಿ ಸುಮಾರು ಇನ್ನೂರು ವರ್ಷದ ಹಿಂದೆಯೇ ಆಗಿಹೋಗಿದೆ. ಧಾರವಾಡದ ಕಡೆ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ 1839ರಲ್ಲಿ ಇಲ್ಲಿಯ ಪ್ರಾಣಿಗಳ ಪಟ್ಟಿಯೊಂದನ್ನು ಪ್ರಕಟಿಸಿದರು. 1826ರಲ್ಲಿ ಮುಂಗಾರು ಆರಂಭದಲ್ಲಿ ಕೈಕೊಟ್ಟಾಗ ಹೊಲದ ಇಲಿ ವಿಪರೀತ ಹೆಚ್ಚಿದ್ದನ್ನು ಅದರಲ್ಲಿ ವಿವರಿಸಿದ್ದಾರೆ. ಇಲಿಗಳು ಬಿತ್ತಿದ ಬೀಜವನ್ನೇ ಹೆಕ್ಕಿ ತಿಂದವು, ಜೋಳ ಬಲಿಯುವಾಗ ದಂಟು ಹತ್ತಿ ತೆನೆ ಕತ್ತರಿಸಿದವು, ರೈತರಿಗೆ ಕಂದಾಯ ಕಟ್ಟಲೂ ಆಗಲಿಲ್ಲ. ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳು ಎಂದು ಗೊತ್ತುಮಾಡಿ ರೈತರು ವಡ್ಡರನ್ನು ಕರೆಸಿದರು. ಅವರು ಸಾವಿರಗಟ್ಟಲೆ ಕೊಂದರೂ ಇಲಿ ಕಡಿಮೆಯಾದದ್ದು ಕಣ್ಣಿಗೆ ಕಾಣಲಿಲ್ಲ. (ವಡ್ಡರು ಆ ಇಲಿಯನ್ನು ಕರೆಯುತ್ತಿದ್ದ ‘ಮೆಟ್ಟಾಡೆ’ ಎಂಬ ಹೆಸರೇ ಸ್ವಲ್ಪ ರೂಪ ಬದಲಿಸಿ ಅದರ ವೈಜ್ಞಾನಿಕ ಹೆಸರಿನಲ್ಲಿ ಇಂದಿಗೂ ಉಳಿದಿದೆ.) ಎಲಿಯಟ್ ಇನ್ನೊಂದು ಸಂಗತಿ ಗಮನಿಸಿದ್ದರು. ಈ ಇಲಿ ಬೇಸಿಗೆಯಲ್ಲಿ ಎರೆ ನೆಲದ ಬಿರುಕುಗಳಲ್ಲಿ ಇರುತ್ತದೆ. ಮೊದಲ ಮಳೆಗೆ ಬಿರುಕು ಕುಸಿದು ಮುಚ್ಚಿಕೊಂಡಾಗ ಬಹಳಷ್ಟು ಅಲ್ಲೇ ಸಾಯುತ್ತವೆ. ಅಂದರೆ ಮಳೆ ಹಿಂದಾದ ವರ್ಷ ಇಲಿ ಜಾಸ್ತಿ. ಮುಂಗಾರು ತಡವಾದ ವರ್ಷ ಪಂಚಾಯಿತಿಯವರು ಯಾರೂ ಹೇಳುವ ಮೊದಲೇ ಎಚ್ಚರಾಗಬೇಕು.

ಹೆಣ್ಣು ಹೆಗ್ಗಣ ಮೂರು ವಾರ ಹೊತ್ತು ಆರೆಂಟು ಮರಿ ಹಾಕುತ್ತದೆ. ನೂರು ಬಾಲ ಬಂದಿತು ಎಂದರೆ ಉಳಿದವು ಎಷ್ಟು ಎಂಬುದು ಗೊತ್ತಾಗುವುದಿಲ್ಲ. ಲೆಕ್ಕ ಹಾಕಬೇಕಾದದ್ದು ಗುದ್ದನ್ನು, ಅಂದರೆ ಇಲಿಯ ಬಿಲವನ್ನು, ಅದರಲ್ಲೂ ಜೀವ ಇರುವ ಗುದ್ದನ್ನು.

ಗುದ್ದು ಎಣಿಸಿ ವಿಷ ಇಡುವ ಈ ಕೆಲಸವನ್ನು ಒಂದೇ ಹೊಲದವರು ಮಾಡಿದರೆ ಪ್ರಯೋಜನವಿಲ್ಲ. ಪಕ್ಕದ ಹೊಲದ ಒಡ್ಡಿನಿಂದ ಕೆಲವೇ ದಿನಗಳಲ್ಲಿ ಇಲಿ ಬಂದು ಖಾಲಿ ಗುದ್ದು ಸೇರಿಕೊಳ್ಳುತ್ತದೆ. ಆದ್ದರಿಂದ ಸರ್ವೆ ನಂಬರ್ ನೋಡದೆ, ಒಂದು ಹಳ್ಳದಿಂದ ಇನ್ನೊಂದು ಹಳ್ಳದವರೆಗೆ ಅಥವಾ ಡಾಂಬರು ರಸ್ತೆಯವರೆಗೆ ಒಂದು ಸೀಮೆ ಗೊತ್ತುಮಾಡಿ. ಬೀಳು ಬಿಟ್ಟ ಹೊಲ, ಗಾಂವಠಾಣದ (ಊರ ಮನೆಗಳಿರುವ ಜಾಗದ) ಅಂಚು, ಕೃಷಿ ಹೊಂಡದ ಏರಿ, ಮಲಪ್ರಭಾ ಕಾಲುವೆಯ ದಂಡೆ ಎಲ್ಲವೂ ಅದರೊಳಗೆ ಬರಬೇಕು. ಬೆಳೆ ಇಲ್ಲದ ದಿನಗಳಲ್ಲಿ ಇಲಿಗೆ ಆಸರೆ ಇವೇ, ಆದರೆ ತಮ್ಮದಲ್ಲ ಎಂದು ಎಲ್ಲರೂ ಬಿಟ್ಟುಬಿಡುವುದೂ ಇವನ್ನೇ. ಇಬ್ಬರ ಒಂದು ಜೋಡಿಗೆ ಹತ್ತು ಎಕರೆಗಿಂತ ಹೆಚ್ಚು ಕೊಡಬೇಡಿ.

ಕಾಲ ಎರಡು: ಮೇ ತಿಂಗಳು, ಮತ್ತು ಹೆಸರಿಗೂ ಹಿಂಗಾರಿ ಬಿತ್ತನೆಗೂ ನಡುವಿನ ಸೆಪ್ಟೆಂಬರ್. ಆಗ ಹೊಲದಲ್ಲಿ ತಿನ್ನಲು ಏನೂ ಇರುವುದಿಲ್ಲವಾದ್ದರಿಂದ ಇಟ್ಟದ್ದನ್ನು ತಿನ್ನುತ್ತವೆ. ಜೋಳ ಹಾಲುಗಾಳು ಕಟ್ಟಿದ ಮೇಲೆ ಎಷ್ಟು ವಿಷ ಇಟ್ಟರೂ ಮೂಸಿ ನೋಡುವುದಿಲ್ಲ. ತೆನೆ ಕತ್ತರಿಸಿದ್ದು ಕಂಡಮೇಲೆ ಅಂಗಡಿಗೆ ಓಡುವುದೇ ನಮ್ಮಲ್ಲಿ ಆಗುವ ದೊಡ್ಡ ತಪ್ಪು.

ಮೊದಲ ದಿನ ಸಂಜೆ ಕಂಡ ಗುದ್ದುಗಳನ್ನೆಲ್ಲ ಹಸಿ ಮಣ್ಣಿನಿಂದ ಮುಚ್ಚಿ. ಮರುದಿನ ಬೆಳಿಗ್ಗೆ ತೆರೆದುಕೊಂಡಿರುವ ಗುದ್ದಿನಲ್ಲಿ ಇಲಿ ಇದೆ. ಅದರ ಪಕ್ಕ ಬಣ್ಣದ ಬಟ್ಟೆ ಕಟ್ಟಿದ ಕಡ್ಡಿ ನೆಟ್ಟು ವಹಿಯಲ್ಲಿ ಬರೆದುಕೊಳ್ಳಿ. ಹೆಗ್ಗಣದ ವಿಷಯದಲ್ಲಿ ಇದು ತಿರುಗುಮುರುಗು: ಅದು ತನ್ನ ಗುದ್ದಿನ ಬಾಯನ್ನು ತಾನೇ ಮುಚ್ಚಿಕೊಳ್ಳುತ್ತದೆ, ಎದುರಿಗೆ ಹೊಸ ಮಣ್ಣಿನ ಗುಡ್ಡೆ ಇರುತ್ತದೆ. ಅಲ್ಲಿ ಬಾಯಿ ತೆರೆದು ಬಿಡಿ. ಬೆಳಿಗ್ಗೆ ಮತ್ತೆ ಮುಚ್ಚಿದ್ದರೆ ಒಳಗೆ ಹೆಗ್ಗಣ ಇದೆ. ಇದನ್ನು ತಿಳಿಯದೆ ಮುಚ್ಚಿದ ಗುದ್ದೆಲ್ಲ ಖಾಲಿ ಎಂದು ಬಿಟ್ಟರೆ ಹೆಚ್ಚು ಹಾಳುಮಾಡುವ ಪ್ರಾಣಿಯೇ ಉಳಿಯುತ್ತದೆ.

ಎರಡನೇ ದಿನ ವಿಷ ಇಲ್ಲದ ತಿನಿಸು ಇಡಬೇಕು. ಜೋಳದ ಅಥವಾ ಗೋಧಿಯ ನುಚ್ಚು 98 ಪಾಲು, ಶೇಂಗಾ ಎಣ್ಣೆ 2 ಪಾಲು. ಗುದ್ದಿಗೆ 20 ಗ್ರಾಂ. ನೂರು ಗುದ್ದಿಗೆ 2 ಕಿಲೋ ಸಾಕು. ದುಡ್ಡು ದಂಡ ಎಂದು ಇದನ್ನು ಬಿಡುವವರೇ ಹೆಚ್ಚು. ಇಲಿ ಹೊಸ ತಿನಿಸನ್ನು ಕಂಡರೆ ಅನುಮಾನಿಸಿ ಸ್ವಲ್ಪವೇ ರುಚಿ ನೋಡುತ್ತದೆ. ನೇರವಾಗಿ ವಿಷ ಇಟ್ಟರೆ ಅರೆಬರೆ ತಿಂದು, ಸಂಕಟಪಟ್ಟು, ಬದುಕಿ ಉಳಿಯುತ್ತದೆ. ಆಮೇಲೆ ಆ ವಾಸನೆಯ ತಿನಿಸಿನ ಹತ್ತಿರ ಸುಳಿಯುವುದಿಲ್ಲ. ಎರಡು ದಿನ ತಿಂದು ರೂಢಿಯಾದರೆ ಮೂರನೆಯ ಸಲ ಹೊಟ್ಟೆ ತುಂಬ ತಿನ್ನುತ್ತದೆ.

ನಾಲ್ಕನೇ ದಿನ ಸಂಜೆ ಸತುವಿನ ಫಾಸ್ಫೈಡ್ (ಜಿಂಕ್ ಫಾಸ್ಫೈಡ್) ಎಂಬ ವಿಷ ಇಡಬೇಕು. ಶೇ. 80ರ ಪುಡಿ 20 ಗ್ರಾಂ, ಅದೇ ನುಚ್ಚು 960 ಗ್ರಾಂ, ಅದೇ ಎಣ್ಣೆ 20 ಗ್ರಾಂ. ಮೊದಲು ನುಚ್ಚಿಗೆ ಎಣ್ಣೆ ಸವರಿ, ಆಮೇಲೆ ಪುಡಿ ಹಾಕಿ ಕೋಲಿನಿಂದ ಕಲಸಬೇಕು. ಈ 1 ಕಿಲೋ ನೂರು ಗುದ್ದಿಗೆ ಆಗುತ್ತದೆ, ಗುದ್ದಿಗೆ 10 ಗ್ರಾಂ. ಕಾಗದದಲ್ಲಿ ಪೊಟ್ಟಣ ಕಟ್ಟಿ, ಕೋಲಿನಿಂದ ಗುದ್ದಿನ ಆಳಕ್ಕೆ ತಳ್ಳಿ. ಬಾಯಲ್ಲಿ ಬಿಟ್ಟರೆ ನವಿಲು ತಿನ್ನುತ್ತದೆ, ಜಿಂಕೆ, ಕುರಿ ಮೂಸುತ್ತವೆ. ಕಲಸುವ ಕೆಲಸ ಕಣದಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಕೈಗವಸು, ಮುಖಕ್ಕೆ ಬಟ್ಟೆ ಹಾಕಿಕೊಂಡು ಆಗಬೇಕು. ಅಡುಗೆಮನೆ, ಮನೆಯ ಪಾತ್ರೆ ಬೇಡವೇ ಬೇಡ. ಒಂದು ಹನಿ ನೀರೂ ತಾಗಬಾರದು, ಏಕೆಂದರೆ ತೇವಕ್ಕೆ ಅದರಿಂದ ವಿಷದ ಗಾಳಿ ಹೊರಡುತ್ತದೆ. ಇಲಿಯ ಹೊಟ್ಟೆಯಲ್ಲಿ ಕೊಲ್ಲುವುದೂ ಅದೇ ಗಾಳಿ. ಮಳೆ ಬರುವ ಲಕ್ಷಣ ಇದ್ದರೆ ಮುಂದಕ್ಕೆ ಹಾಕಿ. ಕಲಸಿದ್ದನ್ನು ಅಂದೇ ಮುಗಿಸಿ, ಉಳಿದರೆ ಆಳವಾಗಿ ಹೂಳಿ. ಈ ವಿಷವನ್ನು ಇಳಿಸುವ ಮದ್ದಿಲ್ಲ. ಯಾರಾದರೂ ನುಂಗಿದರೆ ಹಾಲು, ಎಣ್ಣೆ ಕುಡಿಸುತ್ತ ಕೂರದೆ, ಪುಡಿಯ ಪ್ಯಾಕೆಟ್ ಸಮೇತ 108ರಲ್ಲಿ ದವಾಖಾನೆಗೆ ಒಯ್ಯಬೇಕು. ಕಾಳಿನ ಚೀಲದಲ್ಲಿ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಗುದ್ದಿಗೆ ಹಾಕುವ ಕೆಲಸ ರೈತರದ್ದಲ್ಲ, ತರಬೇತಿ ಆದವರದ್ದು.

ಐದನೇ ದಿನ ಬೆಳಕು ಹರಿಯುವ ಮೊದಲೇ ಹೊಲಕ್ಕೆ ಹೋಗಿ ಸತ್ತ ಇಲಿಗಳನ್ನು ಇಕ್ಕಳದಿಂದ ಎತ್ತಿ ಹೂಳಬೇಕು. ತಡವಾದರೆ ನಾಯಿ, ಹದ್ದು ತಿಂದು ಅವೂ ಸಾಯಬಹುದು. ಬರಿಗೈಯಲ್ಲಿ ಮುಟ್ಟಿದರೆ ಇಲಿಜ್ವರದ ಭಯವಿದೆ. ಆಮೇಲೆ ಗುದ್ದುಗಳನ್ನು ಮತ್ತೆ ಮುಚ್ಚಿ, ಹೆಗ್ಗಣದ ಗುದ್ದಿನ ಬಾಯಿ ಮಾತ್ರ ತೆರೆದು ಬಿಡಿ.

ಹನ್ನೊಂದನೇ ದಿನ ಮತ್ತೆ ತೆರೆದವನ್ನು, ಹೆಗ್ಗಣದ್ದಾದರೆ ಮತ್ತೆ ಮುಚ್ಚಿದವನ್ನು ಎಣಿಸಿ. ಇವು ಬುದ್ಧಿ ಕಲಿತ ಇಲಿಗಳು, ಸತುವಿನ ಫಾಸ್ಫೈಡ್ ಮುಟ್ಟುವುದಿಲ್ಲ. ಹನ್ನೆರಡನೇ ದಿನ ಬ್ರೊಮಾಡಿಯೊಲೋನ್ ಎಂಬ ಇನ್ನೊಂದು ವಿಷ ಇಡಿ: ಶೇ. 0.25ರ ಪುಡಿ 2 ಪಾಲು, ನುಚ್ಚು 96, ಎಣ್ಣೆ 2, ಗುದ್ದಿಗೆ 15 ಗ್ರಾಂ. ಇದು ರಕ್ತ ಹೆಪ್ಪುಗಟ್ಟದಂತೆ ಮಾಡಿ ಹಲವು ದಿನದ ಮೇಲೆ ಕೊಲ್ಲುವುದರಿಂದ ತಿಂದದ್ದಕ್ಕೂ ಸಂಕಟಕ್ಕೂ ಇಲಿಗೆ ನಂಟು ಹೊಳೆಯುವುದಿಲ್ಲ. ಮರುದಿನವೇ ಇಲಿ ಸಾಯಲಿಲ್ಲ ಎಂದು ಮದ್ದನ್ನು ದೂರಬೇಡಿ. ಮನುಷ್ಯರು ನುಂಗಿದರೆ ಈ ವಿಷವನ್ನು ಇಳಿಸುವ ಮದ್ದು ಕೆ1 ಜೀವಸತ್ವ, ಅದನ್ನು ದವಾಖಾನೆಯಲ್ಲೇ ಕೊಡಬೇಕು.

ಮೂರು ವಾರ ಬಿಟ್ಟು ಕೊನೆಯ ಎಣಿಕೆ. ಮೊದಲು 400 ಗುದ್ದು ಇದ್ದು ಈಗ 60 ಉಳಿದರೆ ಶೇ. 85 ಕೆಲಸ ಆಯಿತು. ಸಂಘದವರು ಬಹುಮಾನ ಕೊಡುವುದಾದರೆ ಈ ಲೆಕ್ಕದ ಮೇಲೆ, ಓಣಿ ಓಣಿಗಳ ನಡುವೆ ಕೊಡಲಿ. ಹುಡುಗರ ಚುರುಕು ಕಣ್ಣು ಗುದ್ದು ಹುಡುಕುವುದಕ್ಕೇ ಹೆಚ್ಚು ಬೇಕು.

ಡಂಗುರ ಮೂರು ದಿನ ಮೊದಲೇ ಸಾರಿರಬೇಕು. ಹೊಲದಲ್ಲಿ ಕುರಿ ತರುಬಿದವರು ಪರವೂರಿನವರಾಗಿರುತ್ತಾರೆ. ಅವರ ಕಿವಿಗೆ ಡಂಗುರ ಬೀಳುವುದಿಲ್ಲ, ಹಟ್ಟಿಗೇ ಹೋಗಿ ಹೇಳಿಬರಬೇಕು. ಒಡ್ಡಿನ ಮುಳ್ಳುಕಂಟಿ ಸವರಿ, ದಪ್ಪ ಒಡ್ಡನ್ನು ಸಣ್ಣದು ಮಾಡಿದರೆ ಮುಂದಿನ ವರ್ಷ ಗುದ್ದು ಕಡಿಮೆ. ಎಕರೆಗೆ ನಾಲ್ಕೈದು ಕಡೆ ಟಿ ಆಕಾರದ ಗೂಟ ನೆಟ್ಟರೆ ರಾತ್ರಿ ಗೂಬೆ ಕೂರುತ್ತದೆ. ಅಪಶಕುನ ಎಂದು ಕಲ್ಲು ಬೀಸದೆ ಅದನ್ನು ಕೂರಲು ಬಿಡಿ.

ರೈತ ಸಂಪರ್ಕ ಕೇಂದ್ರಗಳಲ್ಲಿ ಮನವಿ ಇಷ್ಟೇ: ಮದ್ದು ಬಿತ್ತನೆ ಮುಗಿದ ಮೇಲೆ ಬಂದರೆ ಉಪಯೋಗವಿಲ್ಲ, ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ಕೊನೆಗೆ ದಾಸ್ತಾನು ಇರಲಿ, ಒಬ್ಬೊಬ್ಬರಿಗೆ ಹಂಚದೆ ಊರಿನ ಗುದ್ದಿನ ಎಣಿಕೆ ನೋಡಿ ಒಟ್ಟಿಗೆ ಕೊಡಲಿ. ಕಾಲುವೆ ದಂಡೆಯ ಗುದ್ದುಗಳಿಗೆ ಅದೇ ದಿನ ಮದ್ದು ಇಡಲು ನೀರಾವರಿ ಇಲಾಖೆಯವರು ತಮ್ಮ ಸೌಡಿಗಳನ್ನು (ಕಾಲುವೆ ನೀರು ನೋಡಿಕೊಳ್ಳುವವರನ್ನು) ಕಳಿಸಿಕೊಡಲಿ.

— ಗದಗ ಮತ್ತು ನವಲಗುಂದ ತಾಲ್ಲೂಕಿನ ಕೆಲವು ರೈತರು