ಮಂಜಾ, ಅವತ್ತು ನಾನು ವಾಪಸ್ ಒಳಗೆ ಯಾಕೆ ಹೋದೆ ಅಂದ್ರೆ

ಲೋ ಮಂಜಾ,

ಹೇಗಿದೀಯ, ಶೈಲಾ, ಪುಟ್ಟಿ ಎಲ್ಲ ಆರಾಮಾ? ಶಿವಮೊಗ್ಗ ತಲುಪಿದ್ವಿ ಅಂತ ನೀನು ಮೆಸೇಜ್ ಹಾಕಿದ್ದು ಬಿಟ್ರೆ ಆಮೇಲೆ ನಾವಿಬ್ರೂ ಮಾತೇ ಆಡಿಲ್ಲ. ಅವತ್ತು ರಾತ್ರಿ ಹೋಟ್ಲಲ್ಲಿ ಊಟ ಮುಗಿಸಿ ಹೊರಟಾಗ ಕಾರಲ್ಲಿ ನೀನು ಕೇಳಿದ್ಯಲ್ಲ, "ಸಪ್ಲೈಯರ್ ಹುಡುಗ್ರಿಗೆ ಸಂಬಳ ಕೊಡಲ್ವೇನೋ, ನೀನ್ಯಾಕೆ ವಾಪಸ್ ಹೋಗಿ ದುಡ್ಡು ಕೊಟ್ಟು ಬಂದೆ" ಅಂತ, ನಾನು "ಬಿಡು ಮಾರಾಯ" ಅಂದು ಕಿಟಕಿ ಕಡೆ ತಿರುಗಿ ಕೂತೆ. ಮಗು ಮುಂದೆ ಸಿಟ್ಟಲ್ಲಿ ಏನಾದ್ರೂ ಬಾಯಿಗೆ ಬಂದ್ರೆ ಕಷ್ಟ ಅಂತ ಸುಮ್ಮನಾದೆ ಅಷ್ಟೇ. ಆಮೇಲೆ ಫೋನಲ್ಲಿ ಟೈಪ್ ಮಾಡೋಕೆ ಕೂತೆ, ಉದ್ದ ಆಗ್ತಾನೇ ಹೋಯ್ತು, ನಿನ್ನ ಹೆಸರು ಬದಲಾಯಿಸಿ ಎಲ್ರೂ ಓದೋ ಹಾಗೆ ಹಾಕ್ತಿದೀನಿ, ಬೇಜಾರು ಮಾಡ್ಕೋಬೇಡ.

ಮೊದ್ಲು ಇದು ಹೇಳ್ಬೇಕು, ಬಿಲ್ ವಿಷಯದಲ್ಲಿ ನೀನು ಜಗಳ ಆಡಿದ್ದು ಸರಿ. ನಾವು ತಿಂದಿದ್ದು 3,000 ರೂಪಾಯಿದು, ಅದ್ರ ಮೇಲೆ 10 ಪರ್ಸೆಂಟ್ ಸರ್ವಿಸ್ ಚಾರ್ಜ್ ಅಂತ 300 ಸೇರಿಸಿದ್ರು, ಎರಡೂ ಕೂಡಿಸಿ 5 ಪರ್ಸೆಂಟ್ ಜಿಎಸ್‌ಟಿ, ಒಟ್ಟು 3,465. ಕೊಡಲೇಬೇಕು ಅಂತ ಇಲ್ದೇ ಇರೋ ದುಡ್ಡಿಗೂ ಟ್ಯಾಕ್ಸ್ ಕಟ್ಟೋದು ಯಾವ ನ್ಯಾಯ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿತ್ತು, ಹೋಟೆಲ್‌ನೋರು ಅವರಷ್ಟಕ್ಕೆ ಅವರೇ ಬಿಲ್ಲಿಗೆ ಸರ್ವಿಸ್ ಚಾರ್ಜ್ ಸೇರಿಸೋ ಹಾಗಿಲ್ಲ, ಬೇರೆ ಹೆಸರಲ್ಲೂ ವಸೂಲಿ ಮಾಡೋ ಹಾಗಿಲ್ಲ ಅಂತ. ಹೋಟೆಲ್ ಸಂಘಗಳು ಕೋರ್ಟಿಗೆ ಹೋದ್ವು, ಸ್ಟೇ ಸಿಕ್ತು, ಕೊನೆಗೆ 2025ರ ಮಾರ್ಚಲ್ಲಿ ದೆಹಲಿ ಹೈಕೋರ್ಟು ಆ ಮಾರ್ಗಸೂಚಿ ಸರಿಯಾಗೇ ಇದೆ ಅಂತು. ನೀನು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡ್ತೀನಿ ಅಂದ ತಕ್ಷಣ ಆ ಮ್ಯಾನೇಜರ್ ಬಾಯಿ ಮುಚ್ಕೊಂಡು 3,150ಕ್ಕೆ ಹೊಸ ಬಿಲ್ ಹೊಡ್ಕೊಟ್ಟ, ನನಗೂ ಖುಷಿ ಆಯ್ತು. ಎಷ್ಟೋ ಜನ ಪಕ್ಕದ ಟೇಬಲ್‌ನೋರು ನೋಡ್ತಾರೆ ಅಂತ ನಾಚ್ಕೊಂಡು ಕೊಟ್ಟು ಬರ್ತಾರೆ.

ನನಗೆ ನೋವಾಗಿದ್ದು ಅದಾದ್ಮೇಲೆ. ನೀನು ಫೋನಲ್ಲಿ ಸ್ಕ್ಯಾನ್ ಮಾಡಿದೆ, 3,150 ಹೋಯ್ತು, ಎದ್ದು ನಡ್ದೆ. ನಮಗೆ ಬಡಿಸಿದ ಆ ಸಪ್ಲೈಯರ್ ಹುಡುಗ ಎರಡು ಗಂಟೆ ನಮ್ಮ ಟೇಬಲ್ ಹತ್ರಾನೇ ಇದ್ದ ಮಂಜಾ. ಪುಟ್ಟಿ ಸೂಪ್ ಚೆಲ್ಲಿದಾಗ ನಾವಿನ್ನೂ ಟಿಶ್ಯೂ ಹುಡುಕ್ತಿದ್ವಿ, ಅವ್ನು ಒರೆಸಿ ಆಗಿತ್ತು, ಅವಳು ಅಳ್ತಾಳೆ ಅಂತ ಗೊತ್ತಾಗಿ ಒಳಗಿಂದ ಬೇರೆ ಸೂಪ್ ತಂದ, ಖಾರ ಹಾಕಿಸದೆ. ಮ್ಯಾನೇಜರ್ ಜೊತೆ ನಿನ್ನ ಜಗಳ ನಡೀವಾಗ ಅವ್ನು ಗೋಡೆಗೆ ಒರಗಿ ತಲೆ ತಗ್ಗಿಸ್ಕೊಂಡು ನಿಂತಿದ್ದ, ನೀನು ನೋಡ್ಲಿಲ್ಲ, ನಾನು ನೋಡಿದೆ. ಅದಕ್ಕೇ ಕಾರಿನವರೆಗೂ ಬಂದು ವಾಪಸ್ ಹೋದೆ. ಕೈಗೆ 200 ರೂಪಾಯಿ ಕೊಟ್ಟು, ಯಾವೂರಪ್ಪ ಅಂದೆ, ಲಿಂಗಸುಗೂರು ಕಡೆ ಅಂದ. ಆ ಸರ್ವಿಸ್ ಚಾರ್ಜ್ ನಿಮಗೇ ಹಂಚ್ತಾರಾ ಅಂತ ಕೇಳಿದೆ. "ಇಲ್ರಿ ಸರ, ಅದು ನಮ್ಮ ಕೈಗೆ ಬರೂದಿಲ್ರಿ. ಆದ್ರ ಅದನ್ನ ತೆಗೆಸಿದ್ರಂದ್ರ ಸಾಹೇಬ್ರು ನಮಗ ಬೈತಾರ, ನೀ ಸರಿಯಾಗಿ ನೋಡ್ಕೊಂಡಿಲ್ಲ, ಅದಕ್ಕ ಪಾರ್ಟಿ ಸಿಟ್ಟಾತು ಅಂತ." ನೀನು ನ್ಯಾಯವಾಗಿ ಉಳಿಸ್ಕೊಂಡ 315 ರೂಪಾಯಿಗೆ ಆ ಹುಡುಗ ಬೈಸ್ಕೊಂಡ. ನೀನು ಬೈಸಿದ್ದಲ್ಲ, ಅದು ನನಗೂ ಗೊತ್ತು. ಆದ್ರೆ ಹೋಟೆಲ್ ಮೇಲಿನ ಸಿಟ್ಟಲ್ಲಿ ಅವನಿಗೂ ಏನೂ ಕೊಡದೇ ಬಂದ್ವಲ್ಲ, ಅದೇ ನನ್ನ ಸಂಕಟ.

ನಾನು ಪಿಯುಸಿ ಆದ್ಮೇಲೆ 2005ರಲ್ಲಿ ಒಂದೂವರೆ ವರ್ಷ ಬೆಂಗಳೂರಲ್ಲಿ ಹೋಟ್ಲಲ್ಲಿದ್ದೆ ಅಂತ ನಿನಗೆ ಗೊತ್ತು, ಅಲ್ಲಿ ಹೇಗಿತ್ತು ಅಂತ ನೀನು ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಸಪ್ಲೈಯರ್ ಕೆಲ್ಸ, ತಿಂಗಳಿಗೆ 1,800, ಊಟ ಅಲ್ಲೇ, ಮಲಗೋದು ಹೋಟೆಲ್ ಮೇಲಿನ ರೂಮಲ್ಲಿ, 14 ಜನ. ಅಪ್ಪನ ಆಪರೇಷನ್ನಿಗೆ ಅಂತ ಮೊದ್ಲೇ 6,000 ಅಡ್ವಾನ್ಸ್ ತಗೊಂಡಿದ್ವಿ, ಅದಕ್ಕೆ ತಿಂಗಳಿಗೆ 1,000 ಮುರ್ಕೊಳ್ತಿದ್ರು, ಉಳಿದ 800 ಅಮ್ಮನಿಗೆ ಮನಿ ಆರ್ಡರ್. ಲೆಕ್ಕ ಹಾಕು, ನನ್ನ ಕೈಯಲ್ಲಿ ಎಷ್ಟು ಉಳೀತು? "ಸಂಬಳ ಕೊಡಲ್ವಾ" ಅಂದ್ಯಲ್ಲ, ಕೊಡ್ತಿದ್ರು, ಸಂಬಳ ಊರಿಗೆ ಹೋಗ್ತಿತ್ತು. ನಾನು ಬದುಕಿದ್ದು ಟಿಪ್ಸಲ್ಲಿ. ದಿನಕ್ಕೆ 25, 30, ಭಾನುವಾರ ಆದ್ರೆ 60, 70. ಸೋಪು, ಕೊಬ್ಬರಿ ಎಣ್ಣೆ, ಚಪ್ಪಲಿ ಕಿತ್ತೋದ್ರೆ ಹೊಲಿಸೋದು, ರಾತ್ರಿ ಕಾಯಿನ್ ಬಾಕ್ಸಲ್ಲಿ ಒಂದು ರೂಪಾಯಿ ಹಾಕಿ ಪಕ್ಕದ ಮನೆಗೆ ಫೋನ್ ಮಾಡಿ ಅಮ್ಮನ್ನ ಕರೆಸಿ ಮಾತಾಡೋದು, ಎಲ್ಲ ಆ ಚಿಲ್ಲರೇಲೇ. ಇವತ್ತಿಗೂ ಹೋಟ್ಲಲ್ಲಿ ಕೆಲ್ಸ ಮಾಡೋ ಹುಡುಗ್ರನ್ನ ಕೇಳಿ ನೋಡು, ಎಷ್ಟೋ ಜನರದ್ದು ಇದೇ ಲೆಕ್ಕ. ಸಂಬಳ ಮನೇದು, ಟಿಪ್ಸ್ ಅವರದ್ದು.

ಆ ಚಿಲ್ಲರೆ ಹುಟ್ತಿದ್ದ ರೀತೀನೂ ಹೇಳ್ತೀನಿ ಕೇಳು, ಇದು ಹೊರಗಿನವರಿಗೆ ಗೊತ್ತಾಗಲ್ಲ. ಬಿಲ್ 40, ಗಿರಾಕಿ ನೂರು ಕೊಟ್ರು ಅಂದ್ಕೋ, ಗಲ್ಲಾದಲ್ಲಿ 60 ವಾಪಸ್ ಕೊಡ್ತಾರೆ, ಐವತ್ತರದ್ದೊಂದು ಹತ್ತರದ್ದೊಂದು. ಹಾಗೇ ತಂದಿಟ್ರೆ ಎರಡೂ ಎತ್ಕೊಂಡು ಹೋಗ್ತಾರೆ, ಹತ್ತು ಬಿಡೋಕೆ ಆಗ ಯಾರಿಗೂ ಮನಸ್ಸು ಬರ್ತಿರ್ಲಿಲ್ಲ. ಅದೇ ಹತ್ತನ್ನ ಐದರ ಎರಡು ಕಾಯಿನ್ ಮಾಡಿಸ್ಕೊಂಡು ಸೋಂಪಿನ ಪಕ್ಕ ಇಟ್ರೆ ಒಂದು ತಟ್ಟೇಲೇ ಉಳೀತಿತ್ತು. ನಮ್ಮ ಕ್ಯಾಷಿಯರ್ ಕುಂದಾಪುರದವರು, "ಅಣ್ಣಾ ಚಿಲ್ರೆ ಮಾಡಿ ಕೊಡಿ" ಅಂದ್ರೆ ಬೈತಾನೇ ಕೊಡೋರು, ಅವರೂ ಚಿಕ್ಕ ವಯಸ್ಸಲ್ಲಿ ಕ್ಲೀನರ್ ಆಗಿ ಸೇರಿ ಅಲ್ಲಿಗೆ ಬಂದೋರು. ರಾತ್ರಿ ಬಾಗಿಲು ಹಾಕಿದ್ಮೇಲೆ ಒಬ್ಬೊಬ್ರೂ ಜೇಬು ಖಾಲಿ ಮಾಡಿ ಎಣಿಸ್ಬೇಕು, ಅದ್ರಲ್ಲಿ ಐದು ರೂಪಾಯಿ ಟೇಬಲ್ ಒರೆಸೋ ಹುಡುಗನಿಗೆ, ಅವ್ನ ಹತ್ರ ಯಾವ ಗಿರಾಕಿನೂ ಕೊಡಲ್ವಲ್ಲ. ಒಂದ್ಸಲ ನನಗೆ ಜ್ವರ ಬಂದು ನಾಲ್ಕು ದಿನ ರೂಮಲ್ಲೇ ಬಿದ್ದಿದ್ದೆ. ಡಾಕ್ಟರ್ ಫೀಸು, ಮಾತ್ರೆ, ಬ್ರೆಡ್ಡು, ಎಲ್ಲ ಆ ಹುಡುಗ್ರೇ ಅವರವರ ಟಿಪ್ಸಿಂದ ಹಾಕಿ ತಂದ್ರು, ಒಬ್ರೂ ವಾಪಸ್ ಕೇಳ್ಲಿಲ್ಲ. ಯಾರೋ ಗಿರಾಕಿಗಳು ತಟ್ಟೇಲಿ ಬಿಟ್ಟು ಹೋದ ದುಡ್ಡಲ್ಲಿ ನಾನು ಎದ್ದು ಕೂತೆ ಅಂತ ಎಷ್ಟೋ ಸಲ ಅನ್ಸಿದೆ.

ಭಾನುವಾರ ಒಬ್ರು ರಿಟೈರ್ಡ್ ಮೇಷ್ಟ್ರು ಬರ್ತಿದ್ರು, ಒಂದು ಪ್ಲೇಟ್ ಇಡ್ಲಿ ವಡೆ, ಒಂದು ಕಾಫಿ, ಅಷ್ಟೇ. ಅವರು ತಟ್ಟೇಲಿ ಬಿಡ್ತಿರ್ಲಿಲ್ಲ, ಕರೆದು ಕೈಗೆ ಎರಡು ರೂಪಾಯಿ ಕೊಟ್ಟು "ನಿಂದು ತಿಂಡಿ ಆಯ್ತಾ" ಅಂತ ಕೇಳೋರು. ಎರಡೇ ರೂಪಾಯಿ. ಆದ್ರೆ ಆ ಒಂದೂವರೆ ವರ್ಷದಲ್ಲಿ ನನ್ನ ಊಟ ತಿಂಡಿ ಕೇಳಿದ ಗಿರಾಕಿ ಅವರೊಬ್ರೇ. ಸಾಂಬಾರ್ ಮೆತ್ತಿದ ತಟ್ಟೆಯೊಳಗೆ ಕಾಯಿನ್ ಹಾಕಿ ಹೋಗೋರೂ ಇದ್ರು, ತೊಳ್ಕೊಂಡು ಜೇಬಿಗೆ ಹಾಕ್ಕೋತಿದ್ವಿ, ಬೇಕಿತ್ತಲ್ಲ.

ಈಗಿನ ವಿಷಯಕ್ಕೆ ಬರ್ತೀನಿ. ನಿನ್ನನ್ನ ನಾನು ಜಿಪುಣ ಅಂತ ಯಾವತ್ತೂ ಅಂದ್ಕೊಂಡಿಲ್ಲ. ಕಾಲೇಜಲ್ಲಿ ಮೂರು ಜನ ಬೈಟು ಕಾಫಿ ಕುಡಿದ್ರೂ ಎಂಟಾಣೆ ಬಿಟ್ಟು ಬರ್ತಿದ್ದೋನು ನೀನು. ಬದಲಾಗಿದ್ದು ದುಡ್ಡು ಕೊಡೋ ರೀತಿ ಕಣೋ. ಯುಪಿಐ ಶುರುವಾಗಿದ್ದು 2016ರಲ್ಲಿ, ಅದೇ ವರ್ಷ ನೋಟ್ ಬ್ಯಾನ್, ಆಮೇಲೆ ಕೊರೊನಾದಲ್ಲಿ ಎಲ್ರೂ ನೋಟು ಮುಟ್ಟೋಕೇ ಹೆದರಿದ್ವಿ, ಈಗ ಟೇಬಲ್ ಮೇಲೇ ಕ್ಯೂಆರ್ ಕೋಡ್ ಅಂಟಿಸಿರ್ತಾರೆ. 287 ಅಂದ್ರೆ 287 ಹೋಗುತ್ತೆ. ಸೋಂಪು ಬರುತ್ತೆ, ಅದ್ರ ಪಕ್ಕ ಕಾಯಿನ್ ಬರಲ್ಲ. ಟಿಪ್ಸ್ ಕೊಡಬಾರ್ದು ಅಂತ ಯಾರೂ ತೀರ್ಮಾನ ಮಾಡ್ಲಿಲ್ಲ ಮಂಜಾ, ನೆನಪು ಮಾಡೋ ಚಿಲ್ಲರೆನೇ ಕಣ್ಮುಂದೆ ಇಲ್ಲ, ಅದಕ್ಕೆ ನಿಂತೋಯ್ತು. ಮಲ್ಲೇಶ್ವರದ ಒಂದು ಹೋಟ್ಲಲ್ಲಿ ಅಸ್ಸಾಮಿನ ಹುಡುಗ ಒಬ್ಬ ಇದಾನೆ, ಎರಡು ವರ್ಷದಲ್ಲಿ ಚೆನ್ನಾಗಿ ಕನ್ನಡ ಕಲ್ತಿದಾನೆ. ಟಿಪ್ಸ್ ಬರುತ್ತಾ ಅಂತ ಕೇಳಿದ್ರೆ ವಯಸ್ಸಾದೋರು ಕೊಡ್ತಾರೆ ಸರ್, ಅವರ ಹತ್ರ ಕ್ಯಾಶ್ ಇರುತ್ತೆ ಅಂದ. ತನ್ನ ಫೋನಿನ ಸ್ಕ್ಯಾನರ್ ತೋರ್ಸಿದ್ರೆ ಮ್ಯಾನೇಜರ್ ಬೈತಾರಂತೆ, ಗಿರಾಕಿ ಹತ್ರ ಭಿಕ್ಷೆ ಕೇಳ್ದಂಗೆ ಕಾಣುತ್ತೆ ಅಂತ.

2025ರ ಜುಲೈನಲ್ಲಿ ಇಲ್ಲಿ ಬೆಂಗಳೂರಲ್ಲಿ ಬೇಕರಿ, ಟೀ ಅಂಗಡಿ, ಕಾಂಡಿಮೆಂಟ್ಸ್‌ನೋರಿಗೆಲ್ಲ ಯುಪಿಐ ಲೆಕ್ಕ ನೋಡಿ ಜಿಎಸ್‌ಟಿ ನೋಟಿಸ್ ಬಂದಿತ್ತು ನೆನಪಿದೆಯಾ, ಎಲ್ಲ ಕಡೆ ನೋ ಯುಪಿಐ, ಓನ್ಲಿ ಕ್ಯಾಶ್ ಅಂತ ಬೋರ್ಡ್ ಹಾಕಿದ್ರು. ನಮ್ಮ ಆಫೀಸ್ ಹತ್ರದ ಸಣ್ಣ ಹೋಟ್ಲಲ್ಲೂ ಹಾಕಿದ್ರು, ಎಲ್ರೂ ಬೈಕೊಂಡು ಎಟಿಎಂಗೆ ಓಡಿದ್ರು. ಪಾಪ ಆ ಅಂಗಡಿಯವರ ಕಷ್ಟ ಬೇರೆ, ಅದನ್ನ ಇಲ್ಲಿ ಬೆರೆಸಲ್ಲ. ಆದ್ರೆ ಆ ನಾಲ್ಕು ದಿನ ಅಲ್ಲಿನ ಟೇಬಲ್ ಮೇಲೆ ಮತ್ತೆ ಐದು, ಹತ್ತರ ಕಾಯಿನ್ ಬಿದ್ದಿರೋದು ನೋಡ್ದೆ. ಅದೇ ಜನ, ಅದೇ ಇಡ್ಲಿ.

ಅಮೆರಿಕದ ಟೆಕ್ಸಾಸಲ್ಲಿರೋ ನಿಮ್ಮ ಭಾವ ಹೇಳ್ತಾರೆ, ಅಲ್ಲಿ 20 ಪರ್ಸೆಂಟ್ ಟಿಪ್ಸ್ ಕೊಡದಿದ್ರೆ ಸಪ್ಲೈಯರ್‌ಗಳು ಮುಖ ಗಂಟು ಹಾಕ್ತಾರೆ, ಆ ರೋಗ ಇಲ್ಲಿಗೆ ಬೇಡ ಅಂದ್ಯಲ್ಲ, ಅದು ನನಗೂ ಬೇಡ. ಅಲ್ಲಿ ಟಿಪ್ಸ್ ಬರೋ ಕೆಲಸದೋರಿಗೆ ಮಾಲೀಕ ಕೊಡಲೇಬೇಕಾದ ಕೂಲಿ ಗಂಟೆಗೆ 2.13 ಡಾಲರ್, 1991ರಿಂದ ಅಷ್ಟೇ ಇದೆ. ಟಿಪ್ಸ್ ಸೇರಿಸಿ ಅಲ್ಲಿನ ಕನಿಷ್ಠ ಕೂಲಿ 7.25 ಡಾಲರ್ ಆಗ್ಲಿಲ್ಲ ಅಂದ್ರೆ ಮಾತ್ರ ಉಳಿದಿದ್ದು ಮಾಲೀಕ ತುಂಬಬೇಕು. ಸಂಬಳದ ಭಾರ ಬಹುಪಾಲು ಗಿರಾಕಿ ತಲೆ ಮೇಲೆ. ನಮ್ಮಲ್ಲಿ ಹೋಟೆಲ್ ಕೆಲಸಕ್ಕೂ ಸರ್ಕಾರ ಕನಿಷ್ಠ ವೇತನ ನಿಗದಿ ಮಾಡುತ್ತೆ, ಅದನ್ನ ಮಾಲೀಕ ಕೊಡಲೇಬೇಕು, ಟಿಪ್ಸ್ ಬರುತ್ತಲ್ಲ ಅಂತ ಮುರ್ಕೊಳ್ಳೋ ಹಾಗಾಗಬಾರ್ದು. ಹಾಗಾಗಿ ನಾನು ಪರ್ಸೆಂಟ್ ಮಾತಾಡ್ತಿಲ್ಲ. 80 ರೂಪಾಯಿ ತಿಂಡಿಗೆ 10, ಫ್ಯಾಮಿಲಿ ಊಟಕ್ಕೆ 50 ಅಥವಾ 100, ನಮ್ಮ ಶಕ್ತಿ ಎಷ್ಟೋ ಅಷ್ಟು. ಇಲ್ದಿದ್ರೆ ಇಲ್ಲ, ತಿಂಗಳ ಕೊನೇಲಿ ನನ್ನ ಹತ್ರಾನೂ ಇರಲ್ಲ.

ನನಗೇ ಇನ್ನೂ ಬಗೆಹರಿಯದ್ದು ದರ್ಶಿನಿ ವಿಷಯ. ಜಯನಗರದಲ್ಲಿ 1983ರಲ್ಲಿ ಕೆಫೆ ದರ್ಶಿನಿ ಶುರುವಾದಾಗಿಂದ ಬೆಂಗಳೂರು ನಿಂತ್ಕೊಂಡೇ ತಿನ್ನೋದು ಕಲೀತು, ಬಿಲ್ ಮೊದ್ಲೇ ಮಾಡಿಸ್ಬೇಕು, ತಟ್ಟೆ ನಾವೇ ತಗೋಬೇಕು, ಸಪ್ಲೈಯರ್ ಇಲ್ಲ ಅಂದ್ಮೇಲೆ ಟಿಪ್ಸೂ ಇಲ್ಲ. ರೇಟ್ ಕಮ್ಮಿ ಇರೋಕೆ ಅದೂ ಒಂದು ಕಾರಣ, ಒಪ್ತೀನಿ. ಆದ್ರೆ ತಟ್ಟೆ ಎತ್ತಿ ಟೇಬಲ್ ಒರೆಸೋರು ಇದ್ದೇ ಇದಾರಲ್ಲ, ಎಷ್ಟೋ ಕಡೆ ನಮ್ಮಮ್ಮನ ವಯಸ್ಸಿನ ಹೆಂಗಸರು. ನಾನು ಹೊರಡೋವಾಗ ಅವರ ಕೈಗೆ ಹತ್ತು ರೂಪಾಯಿ ಕೊಡ್ತೀನಿ. ಒಬ್ಬರು "ಯಾಕಪ್ಪಾ" ಅಂತ ಕೇಳಿದ್ರು, ಏನು ಹೇಳ್ಬೇಕು ಗೊತ್ತಾಗ್ಲಿಲ್ಲ, ಇರ್ಲಿ ಅಮ್ಮ ಅಂದೆ.

ಕೊಡೋದಂದ್ರೆ ಮೇಲಿಂದ ಕೆಳಗೆ ಹಾಕೋದು ಅನ್ನೋ ಭಾವನೆ ಬರುತ್ತೆ ಅಂತಾನೂ ನೀನು ಅಂದೆ. ಅದಕ್ಕೆ ನನಗೆ ನೆನಪಾಗೋದು ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸ್. ಕಾಫಿ ಬೋರ್ಡಿನೋರು ಕಾಫಿ ಹೌಸ್‌ಗಳನ್ನ ಮುಚ್ಚೋಕೆ ಹೊರಟಾಗ ಕೆಲಸಗಾರರೇ ಸೇರಿ ಸಹಕಾರ ಸಂಘ ಮಾಡ್ಕೊಂಡ್ರು, ಬೆಂಗಳೂರಲ್ಲಿ ಅದು 1957ರಲ್ಲಿ. ಪೇಟ ಕಟ್ಕೊಂಡು ಕಾಫಿ ತಂದುಕೊಡೋರೇ ಆ ಸಂಘದ ಸದಸ್ಯರು. ಅಲ್ಲಿ ಕಾಯಿನ್ ಇಟ್ಟು ಏಳೋವಾಗ ದಾನ ಮಾಡ್ದೆ ಅಂತ ಯಾರಿಗೂ ಅನ್ಸಲ್ಲ, ಚೆನ್ನಾಗಿ ನೋಡ್ಕೊಂಡ್ರಿ ಅಂತ ಹೇಳೋ ರೀತಿ ಅದು. ಎಲ್ಲ ಕಡೆನೂ ಹಾಗೇ ಕೊಡ್ಬಹುದಲ್ಲ, ಕೈಗೆ ಕೊಟ್ಟು, ಮುಖ ನೋಡಿ, ಒಂದು ಮಾತಾಡಿ.

ನೀನು ಇನ್ಮುಂದೆನೂ ಸರ್ವಿಸ್ ಚಾರ್ಜ್ ತೆಗೆಸು, ಬಿಡ್ಬೇಡ. ತೆಗೆಸಿ ಆದ್ಮೇಲೆ ಆ ಹುಡುಗನ್ನ ಹತ್ರ ಕರೆದು, ಮ್ಯಾನೇಜರಿಗೆ ಕೇಳೋ ಹಾಗೆ, ನಮ್ಮನ್ನ ಚೆನ್ನಾಗಿ ನೋಡ್ಕೊಂಡ ಇವ್ನು ಅಂತ ಒಂದು ಮಾತು ಹೇಳು. ಅವತ್ತು ಅದು ನನಗೂ ಹೊಳೀಲಿಲ್ಲ. ಹಣ ಕೊಟ್ಟು ಬಂದೆ, ಆ ಮಾತು ಹೇಳಿದ್ರೆ ಅವ್ನು ಬೈಸ್ಕೊಳ್ಳೋದಾದ್ರೂ ತಪ್ತಿತ್ತೇನೋ ಅಂತ ಈಗ್ಲೂ ಕೊರೀತಿದೆ.

ಮುಂದಿನ ತಿಂಗಳು ಎರಡನೇ ಶನಿವಾರ ಶಿವಮೊಗ್ಗಕ್ಕೆ ಬರ್ತೀನಿ. ದುರ್ಗಿಗುಡಿ ಕಡೆ ಹೋಗಿ ಮಸಾಲೆ ದೋಸೆ ತಿನ್ನೋಣ, ಪುಟ್ಟಿನೂ ಕರ್ಕೊಂಡು ಬಾ. ಬ್ಯಾಂಕಲ್ಲಿ ಹತ್ತರ ನೋಟಿನ ಒಂದು ಕಟ್ಟು ಕೇಳಿಟ್ಟಿದೀನಿ, ತರ್ತೀನಿ, ಅರ್ಧ ನಿನ್ನ ಕಾರಲ್ಲಿ ಇಟ್ಕೋ.

ಶೈಲಾಗೆ ಕೇಳ್ದೆ ಅಂತ ಹೇಳು.

ನಿನ್ನ ಗೆಳೆಯ